ಅಜ್ಜಿಯ ಸಂಚಿಯಲ್ಲಿ ಸಿಕ್ಕ ಗಾಂಧಿ ನಾಣ್ಯ: ಸ್ಮರಣಾರ್ಥ ನಾಣ್ಯ ಕೂಡಿಡುವವರು ಅನುಭವ ಹೇಳ್ತೀರಾ?

ಕೇಳಿದವರು: ಚಿಕ್ಕಬಳ್ಳಾಪುರ, ಗೃಹಿಣಿ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಅತ್ತೆ ತೀರಿಕೊಂಡರು. ಅವರ ಎಲೆ ಅಡಿಕೆ ಸಂಚಿ ಬಿಚ್ಚಿದಾಗ ಸುಣ್ಣದ ಡಬ್ಬಿ, ಒಣಗಿದ ಎರಡು ಲವಂಗ, ಜೊತೆಗೆ ಸೀರೆ ಚೂರಿನಲ್ಲಿ ಗಂಟು ಹಾಕಿಟ್ಟ ಏಳು ನಾಣ್ಯ ಸಿಕ್ಕವು. ಒಂದು ಹಿತ್ತಾಳೆ ಬಣ್ಣದ 20 ಪೈಸೆ. ಗಾಂಧೀಜಿ ಮುಖ ಇದೆ, 1869-1948 ಅಂತ ಇದೆ. ಏಳನೇ ಕ್ಲಾಸಿನ ಮಗಳು "ಅಮ್ಮ, ಇದು 1869ರ ನಾಣ್ಯ!" ಅಂತ ಮನೆಯೆಲ್ಲ ಓಡಾಡಿದಳು. ಉಳಿದದ್ದರಲ್ಲಿ ಇಂದಿರಾ ಗಾಂಧಿ ಇರುವ ದೊಡ್ಡ 5 ರೂಪಾಯಿ, ಏಷ್ಯನ್ ಗೇಮ್ಸ್‌ನ 25 ಪೈಸೆ, ಅಂಬೇಡ್ಕರ್ ಅವರ 1 ರೂಪಾಯಿ ಇವೆ. ಮಿಕ್ಕ ಮೂರು ಮಾಮೂಲಿ ಚಿಲ್ಲರೆ.

ಮಗಳಿಗೆ ಇಂಥವನ್ನು ಕೂಡಿಡುವ ಆಸೆ ಹುಟ್ಟಿದೆ. ಎಲ್ಲಿಂದ ಶುರು ಮಾಡೋದು? ನಾಣ್ಯ ಕಪ್ಪಾಗಿವೆ, ಸುಣ್ಣ ಹತ್ತಿದೆ, ತೊಳೆಯಬಹುದಾ? ಹಳೆ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡ್ತಾರೆ ಅಂತ ವಾಟ್ಸಾಪ್‌ನಲ್ಲಿ ಬರುತ್ತಲ್ಲ, ಅದು ನಿಜವಾ?

ತುಮಕೂರು, ನಿವೃತ್ತ ಮೇಷ್ಟ್ರು

ತಾಯಿ, ಮೊದಲು ಒಂದು ಮಾತು. ತೊಳೆಯಬೇಡಿ. ಇವತ್ತೇ ಮಗಳಿಗೂ ಹೇಳಿಬಿಡಿ.

ನಮ್ಮಪ್ಪ ಬಿಟ್ಟುಹೋದದ್ದು ಒಂದು ನೆಹರೂ ರೂಪಾಯಿ, 1964ರದ್ದು. ನಮ್ಮ ಶಾಲೆಯಲ್ಲಿ ವಸ್ತು ಪ್ರದರ್ಶನ ಇತ್ತು. ಚೆನ್ನಾಗಿ ಕಾಣಲಿ ಅಂತ ಹಿಂದಿನ ರಾತ್ರಿ ಹುಣಸೆಹಣ್ಣು, ಬೂದಿ ಹಾಕಿ ತಾಮ್ರದ ಚೊಂಬು ಉಜ್ಜಿದ ಹಾಗೆ ಉಜ್ಜಿದೆ. ಹೊಳೆಯಿತು, ನಿಜ. ಬೆಳಿಗ್ಗೆ ಭೂತಗನ್ನಡಿ ಇಟ್ಟು ನೋಡಿದರೆ ನೆಹರೂ ಕೆನ್ನೆ ಮೇಲೆ ಕೂದಲೆಳೆಯಂಥ ಗೀರುಗಳು, ನೂರಾರು. ಅವು ಹೋಗುವುದಿಲ್ಲ. ಈಗಲೂ ಆ ನಾಣ್ಯ ತೆಗೆದಾಗಲೆಲ್ಲ ಅಪ್ಪನ ಮುಖ ನೆನಪಾಗಿ ಹೊಟ್ಟೆ ಚುರ್ ಅನ್ನುತ್ತದೆ. ಸುಣ್ಣ ತೀರಾ ಜಾಸ್ತಿ ಇದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಮೆತ್ತನೆ ಹತ್ತಿ ಬಟ್ಟೆ ಮೇಲಿಟ್ಟು ಒತ್ತಿ ಒಣಗಿಸಿ. ಉಜ್ಜಬೇಡಿ. ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಲಿ. ಬೆರಳಿನ ಬೆವರು ಕೂಡ ಕಲೆ ಮಾಡುತ್ತದೆ.

ಇನ್ನು ನಿಮ್ಮ 20 ಪೈಸೆ. 1869 ಗಾಂಧೀಜಿ ಹುಟ್ಟಿದ ವರ್ಷ, 1948 ಅವರು ತೀರಿಕೊಂಡ ವರ್ಷ. ನಾಣ್ಯ ಬಂದದ್ದು 1969ರಲ್ಲಿ, ಅವರ ಜನ್ಮ ಶತಮಾನೋತ್ಸವಕ್ಕೆ. 20 ಪೈಸೆ, 50 ಪೈಸೆ, 1 ರೂಪಾಯಿ ಮತ್ತು ಬೆಳ್ಳಿಯ 10 ರೂಪಾಯಿ, ಹೀಗೆ ನಾಲ್ಕು ಬಂದವು. ನಿಮ್ಮ ಮಗಳಂತೆ ತಪ್ಪು ತಿಳಿದವರು ನಮ್ಮ ತರಗತಿಯಲ್ಲೂ ತುಂಬಾ ಜನ ಇದ್ದರು. ನನಗೆ ಅದು ಇಷ್ಟದ ತಪ್ಪು. "ಹಾಗಾದರೆ 1869ರಲ್ಲಿ ನಮ್ಮನ್ನು ಆಳುತ್ತಿದ್ದವರು ಯಾರು? ಅವರು ಗಾಂಧೀಜಿ ಮುಖ ಹಾಕುತ್ತಿದ್ದರಾ?" ಅಂತ ಕೇಳಿದರೆ ಪಾಠ ತಾನಾಗಿಯೇ ಶುರುವಾಗುತ್ತಿತ್ತು.

ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ ನಮ್ಮಪ್ಪನ ಆ ನೆಹರೂ ನಾಣ್ಯವೇ. 1964ರ ಮೇ 27ಕ್ಕೆ ನೆಹರೂ ತೀರಿಕೊಂಡರು, ಅದೇ ಇಸವಿಯಲ್ಲಿ 1 ರೂಪಾಯಿ ಮತ್ತು 50 ಪೈಸೆ ಬಂದವು. 50 ಪೈಸೆಯಲ್ಲಿ ಎರಡು ಬಗೆ. ಒಂದರಲ್ಲಿ ಹೆಸರು ಹಿಂದಿಯಲ್ಲಿದೆ, ಇನ್ನೊಂದರಲ್ಲಿ ಇಂಗ್ಲಿಷ್‌ನಲ್ಲಿದೆ. ಎರಡನ್ನೂ ಜೋಡಿ ಮಾಡಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಆ ರೂಪಾಯಿ ಶುದ್ಧ ನಿಕ್ಕಲ್. ಮ್ಯಾಗ್ನೆಟ್ ತಂದರೆ ಟಕ್ ಅಂತ ಅಂಟುತ್ತದೆ. ನಿಮ್ಮ ಇಂದಿರಾ ಗಾಂಧಿ 5 ರೂಪಾಯಿ ತಾಮ್ರ ಮತ್ತು ನಿಕ್ಕಲ್ ಬೆರೆಸಿದ್ದು, ಅದು ಅಂಟುವುದಿಲ್ಲ. ಈಗಿನ ಸ್ಟೀಲ್ ನಾಣ್ಯ ಮತ್ತೆ ಅಂಟುತ್ತದೆ. ಮಗಳ ಕೈಗೆ ಒಂದು ಮ್ಯಾಗ್ನೆಟ್ ಕೊಡಿ, ಅರ್ಧ ದಿನ ಅದರಲ್ಲೇ ಕಳೆಯುತ್ತಾಳೆ.

ಎಲ್ಲಿಂದ ಶುರು ಮಾಡೋದು ಅಂದಿರಿ. ನಾನು ಹೇಳೋದು ಎಪ್ಪತ್ತರ ದಶಕ. ಬೆಲೆ ಕಮ್ಮಿ, ಕಥೆ ಜಾಸ್ತಿ. 1970ರಲ್ಲಿ "ಎಲ್ಲರಿಗೂ ಅನ್ನ" ಎಂಬ 20 ಪೈಸೆ. 1973ರಲ್ಲಿ "ಹೆಚ್ಚು ಆಹಾರ ಬೆಳೆಯಿರಿ". 1974ರಲ್ಲಿ ಯೋಜಿತ ಕುಟುಂಬ, 1975ರಲ್ಲಿ ಮಹಿಳಾ ವರ್ಷದ್ದು. ಸಾಲಾಗಿ ಇಟ್ಟು ನೋಡಿ. ಆಗ ದೇಶಕ್ಕೆ ಯಾವ ಚಿಂತೆ ಇತ್ತು ಅಂತ ಗೊತ್ತಾಗುತ್ತದೆ. ಆ 20 ಪೈಸೆ ಚಲಾವಣೆಗೆ ಬಂದಾಗ ನಾನು ಪ್ರೈಮರಿಯಲ್ಲಿದ್ದೆ. ಮಧ್ಯಾಹ್ನ ಶಾಲೆಯಲ್ಲಿ ಗೋಧಿ ಉಪ್ಪಿಟ್ಟು ಕೊಡುತ್ತಿದ್ದರು, ಮುತ್ತುಗದ ಎಲೆಯಲ್ಲಿ. ಅದಕ್ಕೋಸ್ಕರವೇ ಶಾಲೆಗೆ ಬರುತ್ತಿದ್ದ ಮಕ್ಕಳು ನಮ್ಮ ಜೊತೆ ಇದ್ದರು. ನಾಣ್ಯದ ಮೇಲಿನ ಆ ಎರಡು ಪದ ನನಗೆ ಬರೀ ಘೋಷಣೆ ಅಲ್ಲ.

ಮತ್ತೆ, ಗಾಂಧೀಜಿ ನಿಮ್ಮೂರಿಗೆ ದೂರದವರಲ್ಲ. 1927ರಲ್ಲಿ ಆರೋಗ್ಯ ಕೆಟ್ಟಾಗ ನಂದಿ ಬೆಟ್ಟದಲ್ಲಿ ವಾರಗಟ್ಟಲೆ ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೆ ಬಂದರು. ಅವರು ತಂಗಿದ್ದ ಮನೆ ಈಗಲೂ ಇದೆ, ಗಾಂಧಿ ನಿಲಯ ಅಂತಾರೆ. ಮಗಳನ್ನು ಒಮ್ಮೆ ಕರೆದುಕೊಂಡು ಹೋಗಿ, ಆ 20 ಪೈಸೆ ಜೇಬಿನಲ್ಲಿರಲಿ.

ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಒಂದು ನಾಣ್ಯಕ್ಕೆ ಒಂದು ಪುಟ. ಯಾರ ಹತ್ತಿರ ಸಿಕ್ಕಿತು, ಯಾವತ್ತು, ಯಾಕೆ ಬಿಡುಗಡೆ ಮಾಡಿದರು ಅಂತ ಬರೆಯಲಿ. ನನ್ನ ಹತ್ತಿರ ಮುನ್ನೂರು ಚಿಲ್ಲರೆ ನಾಣ್ಯ ಇವೆ. ಮೊದಲ ನಲವತ್ತು ಎಲ್ಲಿಂದ ಬಂದವು ಅಂತ ಬರೆದಿಡಲಿಲ್ಲ. ಆ ನಲವತ್ತು ಈಗ ಬರೀ ಲೋಹ.

ಕೋಲಾರ, ಟೊಮೆಟೊ ಮಂಡಿ

ಅಕ್ಕ, ನಾನು ಮೇಷ್ಟ್ರ ಥರ ಓದಿಕೊಂಡವನಲ್ಲ. ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ನಾಲ್ಕಕ್ಕೆ ಲಾರಿ, ಹಮಾಲರು, ಟೀ ಅಂಗಡಿ, ಎಲ್ಲಾ ಕಡೆಯಿಂದ ಚಿಲ್ಲರೆ ನನ್ನ ಕೈಗೆ ಬರುತ್ತದೆ. ನಾನು ಇವತ್ತಿನವರೆಗೂ ಒಂದು ನಾಣ್ಯವನ್ನೂ ಮುಖಬೆಲೆಗಿಂತ ಜಾಸ್ತಿ ಕೊಟ್ಟು ತಗೊಂಡಿಲ್ಲ. 112 ಬಗೆ ಆಗಿವೆ.

ನಮ್ಮ ಕಡೆ 10 ರೂಪಾಯಿ ನಾಣ್ಯ ಕೊಟ್ಟರೆ "ಇದು ನಡೆಯಲ್ಲ" ಅಂತ ವಾಪಸ್ ಕೊಡುವವರು ಇನ್ನೂ ಇದ್ದಾರೆ. ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ, ಆವರೆಗೆ ಬಂದ 14 ಬಗೆಯ 10 ರೂಪಾಯಿ ನಾಣ್ಯವೂ ನಡೆಯುತ್ತವೆ ಅಂತ. ಜನ ಬೇಡ ಅಂದದ್ದನ್ನೆಲ್ಲ ನಾನು ತಗೋತೀನಿ. ರಾತ್ರಿ ಟೇಬಲ್ ಮೇಲೆ ಹರಡಿ ಆರಿಸುತ್ತೇನೆ. 2015ರ ಯೋಗ ದಿನದ್ದು, ಅಂಬೇಡ್ಕರ್ 125ನೇ ವರ್ಷದ್ದು, ವೈಷ್ಣೋದೇವಿ, ಎಲ್ಲಾ ಹೀಗೇ ಸಿಕ್ಕವು. ಪರಿಚಯದ ಬ್ಯಾಂಕಿನಲ್ಲಿ ಚಿಲ್ಲರೆ ಚೀಲ ಕೇಳಿ, ನಾಣ್ಯ ಮೇಳ ಮಾಡಿದಾಗ ಹೋಗಿ.

ನನಗೆ ಎಲ್ಲಕ್ಕಿಂತ ಪ್ರೀತಿಯದ್ದು ರೈಲ್ವೆಯ 2 ರೂಪಾಯಿ. 1853ರ ಏಪ್ರಿಲ್ 16ಕ್ಕೆ ಮುಂಬೈಯ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೋಯಿತಲ್ಲ, ಅದಕ್ಕೆ 150 ವರ್ಷ ತುಂಬಿದ್ದಕ್ಕೆ ಬಂದದ್ದು. ಅದರ ಮೇಲೆ ಲಾಂದ್ರ ಹಿಡಿದ ಗಾರ್ಡ್ ಆನೆ, ಭೋಲು ಅಂತ ಹೆಸರು. ಆ ಭೋಲುವನ್ನು ಮೊದಲು ಜನರ ಮುಂದೆ ತಂದದ್ದು 2002ರ ಏಪ್ರಿಲ್ 16ರಂದು, ನಮ್ಮ ಬೆಂಗಳೂರಿನಲ್ಲೇ. ಒಬ್ಬ ಹಮಾಲಿ ಅಣ್ಣ ಬೀಡಿ ಕಟ್ಟಿನ ಜೊತೆ ಅದನ್ನು ಜೇಬಿನಿಂದ ತೆಗೆದರು. ನನ್ನ ಕಣ್ಣು ನೋಡಿ "ಏನಪ್ಪಾ, ಆನೆ ಬೇಕಾ?" ಅಂದರು. ಟೀ ಕೊಡಿಸಿದೆ, ನಾಣ್ಯ ಕೊಟ್ಟರು.

ನಿಮ್ಮ ಮನೆ ಹತ್ತಿರದ ಕಿರಾಣಿ ಅಂಗಡಿಯವರ ಸ್ನೇಹ ಮಾಡಿಸಿ ಮಗಳಿಗೆ. ಅಷ್ಟೇ ಸಾಕು.

ಶಿರಾ ಕಡೆಯವನು

ವಾಟ್ಸಾಪ್ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ನಾನು ದುಡ್ಡು ಕಳೆದುಕೊಂಡವನು. ಆ ವೈಷ್ಣೋದೇವಿ ನಾಣ್ಯಕ್ಕೆ 10 ಲಕ್ಷ ಅಂತ ಜಾಹೀರಾತು ನೋಡಿ ಫೋಟೋ ಕಳಿಸಿದೆ. ಹತ್ತೇ ನಿಮಿಷಕ್ಕೆ ಫೋನ್. ತುಂಬಾ ಮರ್ಯಾದೆಯಿಂದ ಮಾತಾಡಿದರು. ಮೊದಲು ನೋಂದಣಿಗೆ 1,150 ರೂಪಾಯಿ. ಆಮೇಲೆ ರಿಸರ್ವ್ ಬ್ಯಾಂಕ್ ಸೀಲ್ ಇರುವ ಪತ್ರ ಕಳಿಸಿ, ತೆರಿಗೆ ಅಂತ 6,800. ಮೂರನೇ ಸಲ 15,000 ಕೇಳಿದಾಗ ನನ್ನ ಹೆಂಡತಿ ಫೋನ್ ಕಿತ್ತುಕೊಂಡಳು. ಪತ್ರ ಸುಳ್ಳು, ಸೀಲ್ ಸುಳ್ಳು.

ರಿಸರ್ವ್ ಬ್ಯಾಂಕ್ ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಂದಲೂ ಕಮಿಷನ್ ಕೇಳುವುದಿಲ್ಲ. 2021ರ ಆಗಸ್ಟ್‌ನಲ್ಲಿ ಅವರೇ ಎಚ್ಚರಿಕೆ ಕೊಟ್ಟಿದ್ದರು, ನಾನು ಓದಿದ್ದು ದುಡ್ಡು ಹೋದ ಮೇಲೆ. ಯಾರಾದರೂ ಸಿಕ್ಕಿಹಾಕಿಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಕ್ಕ, ನಿಮ್ಮ ಏಳು ನಾಣ್ಯದ ಫೋಟೋ ಗುರುತಿಲ್ಲದವರಿಗೆ ಕಳಿಸಬೇಡಿ.

ತಿಪಟೂರು

ನಾನು ಕನ್ನಡ ನಾಡಿನ ಕಥೆ ಹೇಳುವ ನಾಣ್ಯಗಳನ್ನು ಹುಡುಕುತ್ತೇನೆ. 2006ರ ಮಹಾತ್ಮ ಬಸವೇಶ್ವರರ 5 ರೂಪಾಯಿ ನಿಮ್ಮ ಪಟ್ಟಿಯಲ್ಲಿ ಇರಲೇಬೇಕು. ನನಗೆ ಸಂತೆಯಲ್ಲಿ ಸೊಪ್ಪು ಕೊಂಡಾಗ ಸಿಕ್ಕಿತು. ಒಂದು ಬೇಜಾರು ಇದೆ. ಹೆಸರು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿದೆ. ವಚನವನ್ನು ಆಡುಗನ್ನಡದಲ್ಲಿ ಹೇಳಿದವರ ನಾಣ್ಯದಲ್ಲಿ ಒಂದೇ ಒಂದು ಕನ್ನಡ ಅಕ್ಷರ ಬೇಡವಾ? 2009ರ ಅಣ್ಣಾದುರೈ ನಾಣ್ಯದಲ್ಲಿ ಅವರ ತಮಿಳು ಸಹಿ ಇದೆ. ಆಗುತ್ತದೆ ಅಂತ ಆಯಿತಲ್ಲ. ನಾನು ನನ್ನ ಆಲ್ಬಮ್‌ನಲ್ಲಿ ಆ ನಾಣ್ಯದ ಕೆಳಗೆ ಕನ್ನಡದಲ್ಲಿ ಹೆಸರು ಬರೆದು ಅಂಟಿಸಿದ್ದೇನೆ.

ಕೆಜಿಎಫ್, ರಾಬರ್ಟ್‌ಸನ್‌ಪೇಟೆ

ಅಪ್ಪ ಗಣಿಯಲ್ಲಿದ್ದರು, 2001ರಲ್ಲಿ ಮುಚ್ಚುವವರೆಗೂ. ನಮ್ಮೂರಲ್ಲಿ ಲೋಹ ಅಂದ್ರೆ ಜನಕ್ಕೆ ಮೊದಲು ತೂಕ ನೆನಪಾಗುತ್ತದೆ. ನಾಣ್ಯದ ವಿಷಯದಲ್ಲಿ ಆ ಅಭ್ಯಾಸ ಬೇಡ.

75, 100, 125, 150 ರೂಪಾಯಿಯ ನಾಣ್ಯಗಳು ಚಿಲ್ಲರೆಯಲ್ಲಿ ಬರುವುದಿಲ್ಲ. ನಾಣ್ಯ ಅಚ್ಚು ಹಾಕುವ ಸರ್ಕಾರಿ ಟಂಕಸಾಲೆಯೇ ಪೊಟ್ಟಣದಲ್ಲಿಟ್ಟು ಮಾರುತ್ತದೆ, ಮುಖಬೆಲೆಗಿಂತ ಎಷ್ಟೋ ಪಟ್ಟು ಬೆಲೆಗೆ. ಬುಕ್ ಮಾಡಿ ಕಾಯಬೇಕು. 2023ರಲ್ಲಿ ಹೊಸ ಸಂಸತ್ ಭವನಕ್ಕೆ ಬಂದ 75 ರೂಪಾಯಿಯಲ್ಲಿ ಅರ್ಧ ಬೆಳ್ಳಿ, 40 ಭಾಗ ತಾಮ್ರ, ಮಿಕ್ಕದ್ದು ನಿಕ್ಕಲ್ ಮತ್ತು ಸತು. ಇಂಥವು ಪ್ರೂಫ್ ಎಂಬ ಬಗೆಯಲ್ಲೂ ಸಿಗುತ್ತವೆ, ಅಂದರೆ ಕನ್ನಡಿ ಥರ ಹೊಳೆಯುವ ಅಚ್ಚು. ಅದನ್ನು ಪೊಟ್ಟಣದಿಂದ ತೆಗೆಯಲೇಬೇಡಿ. ಕೋಲಾರದವರು ಕೊಳ್ಳೋದೇ ಬೇಡ ಅನ್ನಬಹುದು. ವರ್ಷಕ್ಕೊಂದು, ಮಗಳ ಹುಟ್ಟಿದ ಹಬ್ಬಕ್ಕೆ, ಅವಳೇ ಆರಿಸಿದ್ದು ಕೊಡಿಸಿ. ನಾನು ನನ್ನ ಮಗನಿಗೆ ಹಾಗೇ ಮಾಡುತ್ತೇನೆ.

ಇಡುವ ಬಗ್ಗೆ: ಮೆತ್ತಗಿದ್ದು ವಾಸನೆ ಬರುವ ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ, ಕೆಲವು ವರ್ಷಕ್ಕೆ ನಾಣ್ಯದ ಮೇಲೆ ಹಸಿರು ಅಂಟು ಬರುತ್ತದೆ. ರಟ್ಟಿನ ಹೋಲ್ಡರ್ ಸಿಗುತ್ತವೆ, ಅಗ್ಗ. ಡಬ್ಬದಲ್ಲಿ ತೇವ ಹೀರುವ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಗೌರಿಬಿದನೂರು

2019ರಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷ ಆದಾಗ 100 ರೂಪಾಯಿ ನಾಣ್ಯ ಬಂತು. ನಾನು ಇಡೀ ಜೀವನದಲ್ಲಿ ದುಡ್ಡು ಕೊಟ್ಟು ತರಿಸಿಕೊಂಡ ಒಂದೇ ನಾಣ್ಯ ಅದು. ಕಾರಣ ನಮ್ಮ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಅಲ್ಲಿ ಪೊಲೀಸರು ಗುಂಡು ಹಾರಿಸಿದರು. ದಕ್ಷಿಣದ ಜಲಿಯನ್‌ವಾಲಾ ಬಾಗ್ ಅಂತ ಅದಕ್ಕೇ ಕರೆಯೋದು. ಆಮೇಲೆ ಸರ್ದಾರ್ ಪಟೇಲರು ಬಂದು ಮೈಸೂರು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತುಕತೆ ನಡೆಸಿದರು.

ನನ್ನ ಆಲ್ಬಮ್‌ನಲ್ಲಿ ಒಂದು ಹಾಳೆ ವಿದುರಾಶ್ವತ್ಥಕ್ಕೇ ಮೀಸಲು. ಎಡಕ್ಕೆ ಆ 100 ರೂಪಾಯಿ, ಬಲಕ್ಕೆ ಪಟೇಲರ 1996ರ 2 ರೂಪಾಯಿ. ನಡುವೆ ಅಲ್ಲಿನ ಸ್ಮಾರಕ ವೀರಸೌಧದ ಮುಂದೆ ನಾನೇ ತೆಗೆದ ಫೋಟೋ. ಇಸವಿ ಪ್ರಕಾರ, ಮುಖಬೆಲೆ ಪ್ರಕಾರ ಜೋಡಿಸುವವರು ಜೋಡಿಸಲಿ. ನಾನು ನಮ್ಮೂರಿನ ಪ್ರಕಾರ ಜೋಡಿಸುತ್ತೇನೆ.

ತುಮಕೂರು, ನಿವೃತ್ತ ಮೇಷ್ಟ್ರು

ಗೌರಿಬಿದನೂರಿನವರ ಹಾಳೆಯ ಬಗ್ಗೆ ಓದಿ ಮನಸ್ಸು ತುಂಬಿತು. ನಾನೂ ಹಾಗೆ ಮಾಡಬೇಕಿತ್ತು.

ಒಂದು ಮರೆತಿದ್ದೆ ತಾಯಿ. ನಾಣ್ಯ ಯಾವ ಊರಿನ ಟಂಕಸಾಲೆಯದು ಅಂತ ತಿಳಿಸಲು ಇಸವಿ ಕೆಳಗೆ ಸಣ್ಣ ಗುರುತು ಇರುತ್ತದೆ. ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಒಂದೇ ನಾಣ್ಯ ಬೇರೆ ಬೇರೆ ಟಂಕಸಾಲೆಯಿಂದ ಬಂದಿರಬಹುದು. ಮತ್ತೆ, 25 ಪೈಸೆ ಮತ್ತು ಅದಕ್ಕಿಂತ ಕಮ್ಮಿಯವು 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋದವು. ನಿಮ್ಮ ಏಷ್ಯನ್ ಗೇಮ್ಸ್ ನಾಣ್ಯವೂ ಗಾಂಧಿ ನಾಣ್ಯವೂ ಅಂಗಡಿಯಲ್ಲಿ ನಡೆಯುವುದಿಲ್ಲ, ಆದ್ದರಿಂದ ಅಕಸ್ಮಾತ್ ಖರ್ಚಾಗುವ ಭಯವಿಲ್ಲ. ಅಂಬೇಡ್ಕರ್ ರೂಪಾಯಿ ಮಾತ್ರ ಜೋಪಾನ. ಅವರ ಶತಮಾನೋತ್ಸವದ್ದು, 1990ರದ್ದು. ಮಾಮೂಲಿ ರೂಪಾಯಿ ಅಂದುಕೊಂಡು ಯಾರಾದರೂ ಕೊಟ್ಟುಬಿಟ್ಟಾರು.

ಚಿಕ್ಕಬಳ್ಳಾಪುರ, ಗೃಹಿಣಿ

ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಎಲ್ಲಾ ನಾಣ್ಯ ಚಾಪೆ ಮೇಲೆ ಹರಡಿದೆವು. ಮ್ಯಾಗ್ನೆಟ್ ತಂದು ನೋಡಿದೆವು, ಗಾಂಧಿ ನಾಣ್ಯ ಅಂಟಲಿಲ್ಲ, ಇಂದಿರಾ ಗಾಂಧಿಯೂ ಅಂಟಲಿಲ್ಲ. ಮಗಳು ಮನೆಯ ಚಿಲ್ಲರೆ ಡಬ್ಬವನ್ನೆಲ್ಲ ಸುರಿದು ಒಂದೊಂದಾಗಿ ಪರೀಕ್ಷೆ ಮಾಡಿದಳು. ನಮ್ಮನೆಯವರು ಮುಂದಿನ ವಾರ ನಂದಿಗೆ ಹೋಗೋಣ ಅಂದಿದ್ದಾರೆ. ಆಮೇಲೆ ವಿದುರಾಶ್ವತ್ಥ.

ನೋಟ್‌ಬುಕ್ ತಂದಿದ್ದೇವೆ. ಮೊದಲ ಪುಟದಲ್ಲಿ ಅವಳು ಬರೆದದ್ದು ಇಷ್ಟು: "20 ಪೈಸೆ. ಮಹಾತ್ಮಾ ಗಾಂಧಿ. 1969ರದ್ದು, 1869ರದ್ದಲ್ಲ. ಅಜ್ಜಿ ಸಂಚಿಯಲ್ಲಿ ಸಿಕ್ಕಿತು. ಅಂಚಿನಲ್ಲಿ ಅಜ್ಜಿಯ ಸುಣ್ಣ ಇದೆ. ತೊಳೆದಿಲ್ಲ."