ಒಂದೇ ಜಾತಿ ಮೀನು, ಹೊಳೆಯಲ್ಲಿ ಸಪೂರ, ಕೆರೆಯಲ್ಲಿ ದಪ್ಪ. ಜೀನ್ ಬೇರೆಯಾ?

ಹೊಳೆದಂಡೆ:
ಒಂದೇ ಜಾತಿಯ ಸಿಹಿನೀರಿನ ಮೀನು. ಹರಿಯುವ ಹೊಳೆಯಲ್ಲಿ ಹಿಡಿದವು ಸಪೂರ, ಕೆರೆಯವಕ್ಕೆ ಬೆನ್ನು ಎತ್ತರ, ಹೊಟ್ಟೆ ದಪ್ಪ. ಒಂದೊಂದನ್ನೂ ಅಳೆದು ನೋಡಿದೆ, ವ್ಯತ್ಯಾಸ ಕಣ್ಣಿನ ಭ್ರಮೆ ಅಲ್ಲ. ಇವು ಎರಡು ಬೇರೆ ತಳಿ ಅಂತ ಹೇಳಬಹುದಾ?

ಗಾಳದವನು:
ಆತುರ ಬೇಡ. ಕ್ರೂಷಿಯನ್ ಕಾರ್ಪ್ ಅಂತ ಯುರೋಪಿನ ಒಂದು ಮೀನಿದೆ. ಅದನ್ನು ತಿನ್ನುವ ಪೈಕ್ ಮೀನು ಕೊಳದಲ್ಲಿದ್ದರೆ ಕಾರ್ಪ್‌ನ ಬೆನ್ನು ಎತ್ತರ ಬೆಳೆಯುತ್ತದೆ, ಆಮೇಲೆ ಪೈಕ್ ಬಾಯಿಗೆ ಅದು ಸುಲಭಕ್ಕೆ ಹಿಡಿಸುವುದಿಲ್ಲ. ಇದನ್ನು 1992ರಲ್ಲೇ ತೋರಿಸಿದ್ದಾರೆ. ನೀರಿನಲ್ಲಿ ಪೈಕ್‌ನ ವಾಸನೆ ಇದ್ದರೂ ಸಾಕು! ಜೀನ್ ಅದೇ, ಆಕಾರ ಮಾತ್ರ ಬೇರೆ.

ಮೂರುಮುಳ್ಳು:
ಅದು ಸರಿ, ಆದರೆ ಎಲ್ಲದಕ್ಕೂ ನೀರೇ ಕಾರಣ ಅಂತಲೂ ಅಲ್ಲ. ಸ್ಟಿಕಲ್‌ಬ್ಯಾಕ್ ಅನ್ನುವ ಪುಟ್ಟ ಮೀನು ನೋಡಿ. ಸಮುದ್ರದಲ್ಲಿರುವುದಕ್ಕೆ ಸಾಮಾನ್ಯವಾಗಿ ಒಂದೊಂದು ಪಕ್ಕಕ್ಕೆ ಮೂವತ್ತಕ್ಕೂ ಜಾಸ್ತಿ ಮೂಳೆ ತಟ್ಟೆ ಇರುತ್ತವೆ, ಸಿಹಿನೀರಿಗೆ ಬಂದು ನೆಲೆಸಿದ ಎಷ್ಟೋ ಗುಂಪುಗಳಲ್ಲಿ ಹತ್ತಕ್ಕಿಂತ ಕಡಿಮೆ. ಇದರಲ್ಲಿ ಇಡಿಎ ಅನ್ನುವ ಒಂದೇ ಜೀನಿನ ಪಾತ್ರ ದೊಡ್ಡದು, 2005ರಲ್ಲಿ ಅದು ಪತ್ತೆಯಾಯಿತು. ತಟ್ಟೆ ಕಡಿಮೆ ಮಾಡುವ ಆ ಜೀನಿನ ರೂಪ ಸಮುದ್ರದ ಮೀನುಗಳಲ್ಲೂ ಅಲ್ಲೊಂದು ಇಲ್ಲೊಂದು ಅಡಗಿರುತ್ತದೆ, ಅದಕ್ಕೇ ಹೊಸ ಕೆರೆಗೆ ಬಂದಾಗ ಬದಲಾವಣೆ ಬೇಗ ಆಗುತ್ತದೆ. ನನಗಂತೂ ಇದು ಕಾರ್ಪ್ ಕಥೆಗಿಂತ ಮಜಾ.

ಹೊಳೆದಂಡೆ:
ಹಾಗಾದರೆ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮುಗೀತಲ್ವಾ?

ಮೂರುಮುಳ್ಳು:
ಅರ್ಧ ಮುಗೀತು. ಮೈಕ್ರೋಸ್ಯಾಟಲೈಟ್, ಅಂದರೆ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ತುಣುಕುಗಳನ್ನು ನೋಡಿದರೆ ಎರಡು ಗುಂಪು ಎಷ್ಟು ಬೆರೆಯುತ್ತಿವೆ ಅನ್ನುವುದರ ಅಂದಾಜು ಸಿಗುತ್ತದೆ, ಬೆನ್ನು ಯಾಕೆ ಎತ್ತರ ಅನ್ನುವುದು ಸಿಗಲ್ಲ. ಗುಂಪುಗಳು ಚೆನ್ನಾಗಿ ಬೆರೆಯುತ್ತಿದ್ದರೂ ಒಂದೆರಡು ಜೀನ್ ಮಾತ್ರ ಬೇರೆಯಾಗಿ ಉಳಿಯಬಹುದು. ಕಣ್ಣಿಗೆ ಒಂದೇ ಥರ ಕಂಡು ಒಳಗೆ ಬೇರೆ ಇರುವುದೂ ಉಂಟು. ಮೆಕ್ಸಿಕೋದ ಗುಹೆಗಳಲ್ಲಿ ಕುರುಡು ಮೀನುಗಳಿವೆ. ಬೇರೆ ಬೇರೆ ಗುಹೆಯ ಕುರುಡು ಮೀನುಗಳನ್ನು ಕೂಡಿಸಿದಾಗ ಹುಟ್ಟಿದ ಮರಿಗಳಲ್ಲಿ ಕೆಲವಕ್ಕೆ ಕಣ್ಣು ಕಾಣಿಸಿತು, 2008ರಲ್ಲಿ. ಬೇರೆ ಬೇರೆ ಗುಹೆಗಳಲ್ಲಿ ಕಣ್ಣು ಹೋದದ್ದು ಬೇರೆ ಬೇರೆ ಜೀನ್‌ಗಳು ಕೆಟ್ಟು!

ಗಾಳದವನು:
ಎರಡೂ ಕಡೆಯ ಮೊಟ್ಟೆ ತಂದು ಒಂದೇ ಥರದ ತೊಟ್ಟಿ, ಒಂದೇ ನೀರು, ಒಂದೇ ಆಹಾರ ಕೊಟ್ಟು ಬೆಳೆಸಿ. ಆಗಲೂ ಆಕಾರ ಬೇರೆ ಬಂದರೆ ಜೀನ್ ಕಡೆ ಬೊಟ್ಟು ಮಾಡಬಹುದು. ಅಂದಹಾಗೆ, ಅಳೆದ ಮೀನುಗಳ ಉದ್ದ ಒಂದೇ ಇತ್ತಾ? ಮೀನು ಬೆಳೆದಂತೆ ಆಕಾರವೂ ಬದಲಾಗುತ್ತದೆ. ಕೆರೆಯವು ಸುಮ್ನೆ ದೊಡ್ಡವಿದ್ದಿರಬಹುದು.

ಹೊಳೆದಂಡೆ:
ಅಯ್ಯೋ, ಅದನ್ನು ನೋಡಲೇ ಇಲ್ಲ. ಮತ್ತೆ ಅಳೆಯುತ್ತೇನೆ.