ಶಾಂತತ್ತೆಯ ದುಬೈ ಟಿಕೆಟ್ಟು, ಗುಂಪಿನಲ್ಲಿ 737ರ ಜಗಳ

ಸೀನ ಮಾವ ಬೆಳಿಗ್ಗೆಯೇ ಒಂದು ವಿಮಾನದ ಫೋಟೋ ಸಮೇತ ಕುಟುಂಬದ ಗುಂಪಿಗೆ ಹಾಕಿದ ಫಾರ್ವರ್ಡ್ ಇದು:

“ಎಚ್ಚರ! ಬೋಯಿಂಗ್ 737 ಅಂದರೆ 1967ರ ಓಬೀರಾಯನ ಕಾಲದ ವಿಮಾನ. ಅದಕ್ಕೇ ಹೊಸ ಬಣ್ಣ ಬಳಿದು ಮ್ಯಾಕ್ಸ್ ಅಂತ ಮಾರುತ್ತಿದ್ದಾರೆ. ಐದು ತಿಂಗಳೊಳಗೆ 346 ಜನ ಸತ್ತರು. ಪೈಲಟ್‌ಗಳೇ ಹತ್ತಲು ಹೆದರುತ್ತಾರೆ. ಏರ್‌ಬಸ್ ಇದ್ದರೆ ಮಾತ್ರ ಟಿಕೆಟ್ ಮಾಡಿ. ನಿಮ್ಮವರಿಗೆಲ್ಲ ಕಳಿಸಿ.”

ಶಾಂತತ್ತೆ ಮಗಳ ಬಾಣಂತನಕ್ಕೆ ದುಬೈಗೆ ಹೊರಟಿದ್ದಾರೆ. ಮಾವ ಅದನ್ನು ಹಾಕಿದ್ದು ತಂಗಿಯ ಮೇಲಿನ ಕಾಳಜಿಯಿಂದಲೇ.

ಶಾಂತತ್ತೆ: ಅಯ್ಯೋ, ನನ್ನ ಟಿಕೆಟಲ್ಲಿ 737-8 ಅಂತ ಉಂಟು. ಅದೇನಾ ಇದು?

ವಿದ್ಯಾ: ಮಾವ, ಇದು ಎಲ್ಲಿಂದ ಬಂತು? ಬರೆದವರು ಯಾರು? ಹೆದರಿದ ಪೈಲಟ್ ಯಾರು?

ಸೀನ ಮಾವ: ನಮ್ಮ ವಾಕಿಂಗ್ ಗುಂಪಿನದ್ದು. ಅಲ್ಲಿ ತಿಳಿದವರೇ ಇರುವುದು.

ವಿದ್ಯಾ: ಫೋಟೋದಲ್ಲಿ ಇರುವುದು 787. ಅದು ಬೇರೆಯೇ ದೊಡ್ಡ ವಿಮಾನ. ಕಳಿಸುವ ಮೊದಲು ಒಬ್ಬರಾದರೂ ನೋಡಬಾರದಾ?

ಸೀನ ಮಾವ: ನಿನಗೆ ಎಲ್ಲದಕ್ಕೂ ವೋಚರ್ ಬೇಕು. ಇದು ಆಡಿಟ್ ಆಫೀಸಲ್ಲ ಮಾರಾಯ್ತಿ, ಮನೆ.

ವಿದ್ಯಾ: ಕೊರೊನಾ ಸಮಯದಲ್ಲಿ ಇದೇ ವಾಕಿಂಗ್ ಗುಂಪಿನ ಕಷಾಯ ಕುಡಿದು ಅಮ್ಮನಿಗೆ ಹೊಟ್ಟೆ ಉರಿ ಜಾಸ್ತಿ ಆದದ್ದು ನೆನಪಿದೆಯಾ?

ಅಲ್ಲಿಗೆ ವಿಮಾನ ಬದಿಗೆ ಸರಿಯಿತು. ಕಷಾಯಕ್ಕೆ ಕಾಳುಮೆಣಸು ಎಷ್ಟು ಹಾಕಿದ್ದರು, ಹಾಕಿದ್ದು ಯಾರು ಎಂಬ ವಿಚಾರಣೆ ನಡೆಯಿತು. ಅತ್ತೆಯ ಪ್ರಶ್ನೆ ಮೇಲಕ್ಕೆ ಹೋಗಿ ಮರೆಯಾಯಿತು. ಆಗ ದೊಡ್ಡಪ್ಪ ಬಂದರು.

ದೊಡ್ಡಪ್ಪ: ಎಲ್ಲರೂ ಸ್ವಲ್ಪ ಸುಮ್ಮನಿರಿ. ಹಿರಿಯನಾಗಿ ಒಂದು ಮಾತು ಹೇಳುತ್ತೇನೆ. ಎಚ್‌ಎಎಲ್‌ನಲ್ಲಿ ದುಡಿದವನು ನಾನು. ಏರ್‌ಬಸ್ ಎ320ಯ ಬಾಗಿಲು ನಮ್ಮಲ್ಲೇ ಆಗುತ್ತಿತ್ತು. ಆ ವಿಮಾನದ ಮೇಲೆ ನನಗೂ ಪ್ರೀತಿ ಇದೆ. ಆದರೆ 1990ರ ಫೆಬ್ರವರಿ 14ನ್ನು ಮರೆಯಬೇಡಿ. ಇಂಡಿಯನ್ ಏರ್‌ಲೈನ್ಸ್‌ನ ಎ320 ನಮ್ಮ ಎಚ್‌ಎಎಲ್ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿತ್ತು. 92 ಜನ ಹೋದರು. ಆ ವಿಮಾನ ಬಂದು ಎರಡು ತಿಂಗಳೂ ಆಗಿರಲಿಲ್ಲ. ಹೊಸದನ್ನು ತಲೆ ಮೇಲೆ ಹೊತ್ತುಕೊಳ್ಳುವುದು, ಹಳೆಯದನ್ನು ಬಯ್ಯುವುದು, ಎರಡೂ ದುಡುಕುತನ.

ಸೀನ ಮಾವ: ದುಡುಕಿದ್ದು ಯಾರು ಅಂತ ತೋಟ ಮಾರಿದ ದಿನವೇ ಗೊತ್ತಾಗಿದೆ ಭಾವ.

ಪುತ್ತೂರಿನ ಅಡಿಕೆ ತೋಟದ ಮಾತು ಮಧ್ಯಾಹ್ನದವರೆಗೂ ನಡೆಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕುಟುಂಬದಲ್ಲಿ ಇಬ್ಬರು ಪೈಲಟ್‌ಗಳಿದ್ದಾರೆ. ಗಣೇಶಣ್ಣ ಓಡಿಸುವುದು ಎ320, ಪ್ರಶಾಂತ ಓಡಿಸುವುದು 737. ಬಾಲ್ಯದಿಂದಲೂ ಇಬ್ಬರಿಗೂ ಪೈಪೋಟಿ. ಡ್ಯೂಟಿ ಮುಗಿಸಿ ಇಬ್ಬರೂ ಫೋನ್ ತೆರೆದ ಮೇಲೆ ಜಗಳ ಬೇರೆ ದಾರಿ ಹಿಡಿಯಿತು.

ಗಣೇಶಣ್ಣ: ದೊಡ್ಡಪ್ಪ, 1990ರದ್ದು ಪೈಲಟ್‌ಗಳ ತಪ್ಪು ಅಂತ ತನಿಖೆಯೇ ಹೇಳಿದೆ. ಎಂಜಿನ್ ಐಡಲ್‌ನಲ್ಲಿ, ಅಂದರೆ ತೀರಾ ಕಡಿಮೆ ಶಕ್ತಿಯಲ್ಲಿತ್ತು. ವೇಗ ಇಳಿಯುತ್ತಿತ್ತು. ಇಬ್ಬರೂ ಸಮಯಕ್ಕೆ ಗಮನಿಸಲಿಲ್ಲ.

ಪ್ರಶಾಂತ: ಯಾಕೆ ಗಮನಿಸಲಿಲ್ಲ ಅಂತಲೂ ಹೇಳು. ಎಂಜಿನ್ ಶಕ್ತಿ ತಾನಾಗಿ ಏರಿಳಿಯುವಾಗ ನಿಮ್ಮ ಥ್ರಸ್ಟ್ ಲಿವರ್, ಅಂದರೆ ಶಕ್ತಿಯ ಹಿಡಿಕೆ, ಕದಲುವುದೇ ಇಲ್ಲ. ನಮ್ಮಲ್ಲಿ ಆ ಸ್ವಯಂಚಾಲಿತ ವ್ಯವಸ್ಥೆ, ಆಟೊಥ್ರಾಟಲ್, ಶಕ್ತಿ ಇಳಿಸಿದರೆ ಲಿವರ್ ನನ್ನ ಅಂಗೈ ಕೆಳಗೇ ಹಿಂದಕ್ಕೆ ಬರುತ್ತದೆ. ನೋಡುವ ಮೊದಲೇ ಕೈಗೆ ಗೊತ್ತಾಗುತ್ತದೆ.

ಗಣೇಶಣ್ಣ: ಕೈಗೆ ಗೊತ್ತಾಗುತ್ತದೆ, ಸರಿ. ಕಿವಿಗೆ? ಇಡೀ ದಿನ ಆ ಕಾಕ್‌ಪಿಟ್‌ನ ಗಲಾಟೆ. ತಲೆ ಮೇಲಿನ ಸ್ವಿಚ್ಚುಗಳ ಜೋಡಣೆ ಇನ್ನೂ ಅಜ್ಜನ ಕಾಲದ್ದು. ಏನಾದರೂ ಕೈಕೊಟ್ಟರೆ ನಮ್ಮ ಪರದೆಯೇ ಯಾವುದು ಮೊದಲು, ಯಾವುದು ಆಮೇಲೆ ಅಂತ ಸಾಲಾಗಿ ತೋರಿಸುತ್ತದೆ. ನೀನು ಇಂದಿಗೂ ಚೆಕ್‌ಲಿಸ್ಟ್ ಪುಸ್ತಕ ಹುಡುಕಬೇಕು.

ಪ್ರಶಾಂತ: ವಿಮಾನ ನಡೆಸುವ ನನ್ನ ಹಿಡಿಕೆ, ಕಂಟ್ರೋಲ್ ಕಾಲಮ್, ಎಳೆದರೆ ಪಕ್ಕದವನದ್ದೂ ಎಳೆಯುತ್ತದೆ. ಅವನು ಏನು ಮಾಡುತ್ತಿದ್ದಾನೆ ಅಂತ ನನಗೆ ಕಾಣುತ್ತದೆ. ನಿನ್ನ ಪಕ್ಕದ ಸಣ್ಣ ಹಿಡಿಕೆ ಸೈಡ್‌ಸ್ಟಿಕ್‌ನಲ್ಲಿ ಅದಿಲ್ಲ. ಹೊಸದು ಹೊಸದು ಅಂತೀಯಲ್ಲ, ಎ320 ಮೊದಲು ಹಾರಿದ್ದು 1987ರಲ್ಲಿ. 2025ರ ನವೆಂಬರ್ ಕೊನೆಗೆ ಸುಮಾರು 6,000 ಏರ್‌ಬಸ್‌ಗಳ ಸಾಫ್ಟ್‌ವೇರ್ ಸರಿಮಾಡಬೇಕಾಯಿತು. ಸೂರ್ಯನ ತೀವ್ರ ವಿಕಿರಣದಿಂದ ಮಾಹಿತಿ ಕೆಡಬಹುದು ಅಂತ ಕಂಪನಿಯೇ ಹೇಳಿತು. ಪ್ರ್ಯಾಟ್ ಕಂಪನಿಯ ಎಂಜಿನ್ ತೊಂದರೆಯಿಂದ ನಿಯೋ, ಅಂದರೆ ಹೊಸ ಎಂಜಿನ್ನಿನ ಎ320, ವಿಮಾನಗಳು ಸಾಲಾಗಿ ನಿಂತದ್ದನ್ನೂ ಎಲ್ಲರೂ ನೋಡಿದ್ದಾರೆ.

ಗಣೇಶಣ್ಣ: ನೀನು ನನ್ನ ಮದುವೆ ಊಟದಲ್ಲೂ ಹೀಗೇ ಹೇಳಿದ್ದೆ. ನನ್ನ ಮಾವನ ಎದುರಿಗೆ. “ಏರ್‌ಬಸ್ ಓಡಿಸುವವನು ಪೈಲಟ್ ಅಲ್ಲ, ಟೈಪಿಸ್ಟ್.” ಮರೆತಿಲ್ಲ ನಾನು.

ಪ್ರಶಾಂತ: ಅದು ಆಗ ತಮಾಷೆಗೆ ಹೇಳಿದ್ದು.

ಗಣೇಶಣ್ಣ: ನನ್ನ ಮಾವ ನಗಲಿಲ್ಲ.

ಇಬ್ಬರ ಮಾತಿನಲ್ಲೂ ಸತ್ಯ ಇತ್ತು. ಆದರೆ ಅತ್ತೆಗೆ ಬೇಕಾದ ಉತ್ತರ ಯಾರ ಮಾತಿನಲ್ಲೂ ಇರಲಿಲ್ಲ. ಅಷ್ಟರಲ್ಲಿ ಮಸ್ಕತ್‌ನಿಂದ ರಾಜು ಎದ್ದ.

ರಾಜು: 737 ಅಂದ ಕೂಡಲೇ ಮಂಗಳೂರಿನ ಹಳೇ ಬಜ್ಪೆ ವಿಮಾನ ನಿಲ್ದಾಣ ನೆನಪಾಯ್ತು ಮಾರಾಯ್ರೆ. ಅಪ್ಪ ಬೊಂಬಾಯಿಯಿಂದ ಬರುವಾಗ ನಾವೆಲ್ಲ ಅಂಬಾಸಿಡರ್‌ನಲ್ಲಿ ಹೋಗಿ ಬೇಲಿ ಹತ್ತಿರ ನಿಲ್ಲುತ್ತಿದ್ದೆವು. ವಿಮಾನ ಎಷ್ಟು ತಗ್ಗಿನಲ್ಲಿತ್ತು! ಬಾಗಿಲ ಕೆಳಗಿನಿಂದ ಅದರದ್ದೇ ಮೆಟ್ಟಿಲು ಹೊರಗೆ ಬರುತ್ತಿತ್ತು. ಲೋಡರ್‌ಗಳು ನೆಲದ ಮೇಲೇ ನಿಂತು ಪೆಟ್ಟಿಗೆ ಕೈಯಲ್ಲಿ ಇಳಿಸುತ್ತಿದ್ದರು. ಆಮೇಲೆ ಎಲ್ಲರೂ ಪೇಟೆಗೆ ಹೋಗಿ ಗಡ್‌ಬಡ್ ಐಸ್‌ಕ್ರೀಮ್ ತಿನ್ನುವುದು.

ಗಡ್‌ಬಡ್ ಕೇಳಿದ ಕೂಡಲೇ ಎಲ್ಲರೂ ಒಳಗೆ ಬಂದರು. ಯಾವ ಅಂಗಡಿಯದ್ದು ಒಳ್ಳೆಯದು, ಉಡುಪಿಯದ್ದಾ ಮಂಗಳೂರಿನದ್ದಾ, ಬಿಲ್ ಕೊಡುತ್ತಿದ್ದದ್ದು ಯಾರು. ಇದೂ ಇಡೀ ಸಂಜೆ ನುಂಗುತ್ತದೆ ಅಂದುಕೊಂಡೆ. ಆದರೆ ಪ್ರಶಾಂತ ರಾಜುವಿನ ಮೆಸೇಜನ್ನೇ ಹಿಡಿದು ಉತ್ತರಿಸಿದ.

ಪ್ರಶಾಂತ: ರಾಜು, ನೀನು ಗೊತ್ತಿಲ್ಲದೆಯೇ ಸರಿಯಾದ ಜಾಗಕ್ಕೆ ಕೈ ಹಾಕಿದೆ. ಆ ತಗ್ಗೇ ಎಲ್ಲದರ ಬೇರು. 737 ಮಾಡಿದ್ದು ಸಣ್ಣ ಊರುಗಳಿಗೆ. ಅಲ್ಲಿ ಏಣಿ ಗಾಡಿ ಇರುವುದಿಲ್ಲ, ಸಾಮಾನು ಏರಿಸುವ ಯಂತ್ರ ಇರುವುದಿಲ್ಲ. ಹಾಗಾಗಿ ವಿಮಾನವನ್ನು ನೆಲಕ್ಕೆ ಹತ್ತಿರ ಇಟ್ಟರು. ಆಗಿನ ಎಂಜಿನ್ ಸಪೂರ ಕೊಳವೆಯ ಹಾಗಿತ್ತು, ರೆಕ್ಕೆ ಕೆಳಗೆ ಹಿಡಿಸಿತು. ಆಮೇಲೆ ಎಂಜಿನ್ ದಪ್ಪ ಆಗುತ್ತಾ ಹೋಯಿತು. ದಪ್ಪ ಫ್ಯಾನ್ ಇದ್ದರೆ ಎಣ್ಣೆ ಉಳಿತಾಯ. 1980ರ ದಶಕದಲ್ಲಿ 737-300 ಬಂದಾಗಲೇ ಎಂಜಿನ್ ಕವಚದ ಕೆಳಭಾಗ ಚಪ್ಪಟೆ ಮಾಡಬೇಕಾಯಿತು. ನೆಲಕ್ಕೆ ತಾಗಬಾರದಲ್ಲ.

ಗಣೇಶಣ್ಣ: ಎ320 ಕಾಲು ಉದ್ದ. ನಿಯೋಗೆ 78 ಇಂಚಿನ ಫ್ಯಾನ್ ಸಲೀಸಾಗಿ ಕೂತಿತು. ಮ್ಯಾಕ್ಸ್‌ಗೆ 69 ಇಂಚೇ ಹಿಡಿಸಿದ್ದು.

ಪ್ರಶಾಂತ: ಹೌದು. ಅಷ್ಟಕ್ಕೇ ಮುಂದಿನ ಚಕ್ರದ ಕಾಲನ್ನು 8 ಇಂಚು ಉದ್ದ ಮಾಡಿದರು. ಎಂಜಿನ್ನನ್ನು ಮುಂದಕ್ಕೆ, ಮೇಲಕ್ಕೆ ತಳ್ಳಿದರು. ಮೂತಿ ಜಾಸ್ತಿ ಎತ್ತಿದ ಸಂದರ್ಭದಲ್ಲಿ ವಿಮಾನ ಇನ್ನೂ ಮೇಲೆತ್ತಲು ನೋಡುತ್ತಿತ್ತು. ಹಳೆಯ 737ರ ಹಾಗೆಯೇ ಕೈಗೆ ಅನ್ನಿಸಲಿ ಅಂತ ಎಂಕ್ಯಾಸ್ ಎಂಬ ಸಾಫ್ಟ್‌ವೇರ್ ಸೇರಿಸಿದರು. ಅದು ತಾನಾಗಿ ಮೂತಿ ತಗ್ಗಿಸುತ್ತದೆ.

ಇಷ್ಟರಲ್ಲಿ ಟೈಪಿಸ್ಟ್ ಮಾತು ಇಬ್ಬರಿಗೂ ಮರೆತಿತ್ತು. ಗಣೇಶಣ್ಣ ಮುಂದಿನ ಕಥೆ ಬರೆದ. 2010ರ ಡಿಸೆಂಬರ್‌ನಲ್ಲಿ ಏರ್‌ಬಸ್ ನಿಯೋ ಘೋಷಿಸಿತು. ಬೋಯಿಂಗ್ ಪೂರ್ತಿ ಹೊಸ ವಿಮಾನ ಮಾಡುವುದೋ ಬೇಡವೋ ಅಂತ ಯೋಚಿಸುತ್ತಾ ಕೂತಿತ್ತು. 2011ರ ಜುಲೈನಲ್ಲಿ ಅಮೆರಿಕನ್ ಏರ್‌ಲೈನ್ಸ್ 260 ಏರ್‌ಬಸ್‌ಗಳಿಗೆ ಆರ್ಡರ್ ಕೊಟ್ಟಿತು. ಆ ಕಂಪನಿ ವರ್ಷಗಟ್ಟಲೆ ಬೋಯಿಂಗ್‌ನ ಗಿರಾಕಿ. ಅದೇ ಆರ್ಡರ್‌ನಲ್ಲಿ ಪಾಲು ಉಳಿಸಿಕೊಳ್ಳಲು ಬೋಯಿಂಗ್ ಹಳೆಯ 737ಗೇ ಹೊಸ ಎಂಜಿನ್ ಹಾಕುತ್ತೇವೆ ಎಂದಿತು. ಮುಂದಿನ ತಿಂಗಳೇ ಮ್ಯಾಕ್ಸ್ ಅಧಿಕೃತವಾಯಿತು. ಹೊಸ ವಿಮಾನದ ಯೋಚನೆ ಮೂಲೆಗೆ ಹೋಯಿತು.

ಸೀನ ಮಾವ: ನಾನು ಹಾಕಿದ್ದೂ ಅದೇ ಅಲ್ವಾ? ಹಳೆಯದಕ್ಕೆ ಹೊಸ ಬಣ್ಣ.

ಪ್ರಶಾಂತ: ಅಲ್ಲ ಮಾವ. ಹಳೆಯದು ಅನ್ನುವುದು ತಪ್ಪಲ್ಲ. ನಮಗೆ ಹೇಳದೇ ಇದ್ದದ್ದು ತಪ್ಪು. ಹಳೆಯ 737 ಓಡಿಸುವ ಪೈಲಟ್‌ಗೆ ಸಿಮ್ಯುಲೇಟರ್ ತರಬೇತಿ ಬೇಡ ಅಂತ ಹೇಳಿ ಮಾರಿದರು. ತರಬೇತಿ ಬೇಕಾದರೆ ಒಂದೊಂದು ವಿಮಾನದ ಬೆಲೆಯಲ್ಲಿ 10 ಲಕ್ಷ ಡಾಲರ್ ಕಡಿಮೆ ಮಾಡುತ್ತೇವೆ ಅಂತ ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್‌ಗೆ ಮಾತು ಕೊಟ್ಟಿದ್ದರು. ಹಾಗಾಗಿ ಎಷ್ಟೋ ಪೈಲಟ್‌ಗಳು ಟ್ಯಾಬ್ಲೆಟ್‌ನಲ್ಲಿ ಪಾಠ ನೋಡಿ ಮ್ಯಾಕ್ಸ್ ಹತ್ತಿದರು. ಎಂಕ್ಯಾಸ್ ಬಗ್ಗೆ ಪಾಠದಲ್ಲೂ ಇರಲಿಲ್ಲ, ಪೈಲಟ್ ಪುಸ್ತಕದಲ್ಲಿ ವಿವರಣೆಯೂ ಇರಲಿಲ್ಲ. ಗಾಳಿಗೆ ಎದುರಾಗಿ ಮೂತಿ ಎಷ್ಟು ಎತ್ತಿದೆ ಅಂತ ಅಳೆಯಲು ಅದು ನಂಬಿದ್ದು ಒಂದೇ ಒಂದು ಸೆನ್ಸರನ್ನು.

ಅವನು ಇನ್ನೂ ಬರೆದ. ನನಗೆ ಇಡೀ ದಿನದಲ್ಲಿ ಮನಸ್ಸಿಗೆ ನಾಟಿದ ಮೆಸೇಜ್ ಅದು.

ಪ್ರಶಾಂತ: ನನ್ನ ಮೊಣಕಾಲಿನ ಪಕ್ಕ ಟ್ರಿಮ್ ಚಕ್ರ ಇದೆ, ಬಾಲದ ರೆಕ್ಕೆ ಹೊಂದಿಸಿ ಮೂತಿ ಎತ್ತುವ, ತಗ್ಗಿಸುವ ಚಕ್ರ. ಕಪ್ಪು ಚಕ್ರ, ತಿರುಗುವುದು ಕಾಣಲಿ ಅಂತ ಬಿಳಿ ಗೆರೆ. ತಿರುಗುವಾಗ ಟಕಟಕ ಸದ್ದು. 737ರಲ್ಲಿ ಅದು ದಿನವಿಡೀ ತಿರುಗುತ್ತದೆ, ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2018ರ ಅಕ್ಟೋಬರ್ 29ಕ್ಕೆ ಜಕಾರ್ತಾದಲ್ಲಿ ಲಯನ್ ಏರ್ ಪೈಲಟ್‌ಗಳ ಕಾಲ ಬಳಿ ಆ ಚಕ್ರ ಮತ್ತೆ ಮತ್ತೆ ಮೂತಿ ತಗ್ಗಿಸುವ ಕಡೆಗೇ ತಿರುಗಿತು. ಅವರು ಎತ್ತುವುದು, ಅದು ತಗ್ಗಿಸುವುದು. ಯಾಕೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಹಿಂದಿನ ರಾತ್ರಿ ಅದೇ ವಿಮಾನದಲ್ಲಿ ಇದೇ ತೊಂದರೆ ಬಂದಿತ್ತು. ಆ ದಿನ ಕಾಕ್‌ಪಿಟ್‌ನಲ್ಲಿ ಮೂರನೆಯ ಪೈಲಟ್ ಇದ್ದರು. ಟ್ರಿಮ್‌ನ ವಿದ್ಯುತ್ ಸ್ವಿಚ್ ಆರಿಸಿ ಕ್ಷೇಮವಾಗಿ ಇಳಿಸಿದರು. ಮರುದಿನ 189 ಜನ ಹೋದರು. 2019ರ ಮಾರ್ಚ್ 10ಕ್ಕೆ ಇಥಿಯೋಪಿಯಾದಲ್ಲಿ 157 ಜನ. ಅವರು ಸ್ವಿಚ್ ಆರಿಸಿದ್ದರು. ಆದರೆ ಆ ವೇಗದಲ್ಲಿ ಚಕ್ರವನ್ನು ಕೈಯಲ್ಲಿ ತಿರುಗಿಸಲು ಆಗಲಿಲ್ಲ.

ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಫಾರ್ವರ್ಡ್‌ನಲ್ಲಿದ್ದ 346 ಸರಿಯೇ. 1967 ಕೂಡ ಸರಿಯೇ. ಎರಡರ ನಡುವೆ ಇರಬೇಕಾದ ಸಂಗತಿಯನ್ನೇ ಅದು ಬಿಟ್ಟಿತ್ತು. ಹಳೆಯದು ಎಂಬ ಒಂದು ಮಾತಿನ ಮೇಲೆ ಎಲ್ಲವನ್ನೂ ಹೊರಿಸಿಬಿಟ್ಟರೆ, ಮುಚ್ಚಿಟ್ಟವರು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ದೊಡ್ಡಪ್ಪನಿಗೂ ಸಿಟ್ಟು ಬಂದಿತ್ತು. ಈ ಸಲ ಅವರು ಉಪದೇಶ ಮಾಡಲಿಲ್ಲ.

ದೊಡ್ಡಪ್ಪ: 2024ರ ಜನವರಿಯಲ್ಲಿ ಅಲಾಸ್ಕಾ ಏರ್‌ಲೈನ್ಸ್‌ನ ಮ್ಯಾಕ್ಸ್‌ನಿಂದ ಬಾಗಿಲ ಜಾಗದ ಫಲಕವೇ ಹಾರಿಹೋಯಿತಲ್ಲ, ಆ ವರದಿ ಓದಿದೆ. ನಾಲ್ಕು ಬೋಲ್ಟ್ ಹಾಕಿರಲೇ ಇಲ್ಲ. ರಿವೆಟ್ ಸರಿಮಾಡಲು ಫಲಕ ತೆಗೆದರು, ಬೋಲ್ಟ್ ಇಲ್ಲದೆ ಮುಚ್ಚಿದರು. ತೆಗೆದದ್ದಕ್ಕೆ ಕಾಗದವೂ ಇಲ್ಲ. ನಮ್ಮ ಶಾಪ್‌ನಲ್ಲಿ ಒಂದು ಬೋಲ್ಟ್ ತೆಗೆದರೂ ಬರೆದು ಸಹಿ ಹಾಕಬೇಕಿತ್ತು, ಇನ್ನೊಬ್ಬ ಬಂದು ನೋಡಿ ಸಹಿ ಹಾಕಬೇಕಿತ್ತು. ಇದಕ್ಕೆ 1967ರ ವಿನ್ಯಾಸ ಕಾರಣ ಅಲ್ಲ ಸೀನ. ಅವಸರ ಕಾರಣ.

ಸೀನ ಮಾವ: ಅದು ಸರಿ ಭಾವ.

ತೋಟ ಮಾರಿದ ಮೇಲೆ ಮಾವ ದೊಡ್ಡಪ್ಪನಿಗೆ ಗುಂಪಿನಲ್ಲಿ ಸರಿ ಅಂದದ್ದು ನಾನು ನೋಡಿದ್ದು ಇದೇ ಮೊದಲು.

ಶಾಂತತ್ತೆ: ಎಲ್ಲ ಓದಿದೆ. ನಾನು ಹೋಗುವುದಾ ಬೇಡವಾ, ಅದನ್ನು ಯಾರೂ ಹೇಳಲಿಲ್ಲ. 2010ರಲ್ಲಿ ನಮ್ಮ ಬಜ್ಪೆಯಲ್ಲೇ ಬಿದ್ದದ್ದೂ 737 ಅಲ್ವಾ? 158 ಜನ. ನಮ್ಮ ಬೀದಿಯಲ್ಲೇ ಒಂದು ಮನೆಯವರು ಇದ್ದರು ಅದರಲ್ಲಿ.

ಪ್ರಶಾಂತ: ಅತ್ತೆ, ಅದು 737-800. ಮ್ಯಾಕ್ಸ್ ಅಲ್ಲ. ವಿಮಾನ ಎತ್ತರದಲ್ಲಿ ಬಂತು, ರನ್‌ವೇ ಬಹಳಷ್ಟು ದಾಟಿದ ಮೇಲೆ ನೆಲ ಮುಟ್ಟಿತು. ಮತ್ತೆ ಮೇಲೆ ಹೋಗಬೇಕಿತ್ತು, ಕ್ಯಾಪ್ಟನ್ ಹೋಗಲಿಲ್ಲ ಅಂತ ತನಿಖೆ ಹೇಳಿತು. ನಿಮ್ಮ ಟಿಕೆಟಿನ 737-8 ಅಂದರೆ ಮ್ಯಾಕ್ಸ್. ಅದನ್ನು 2019ರಲ್ಲಿ ಜಗತ್ತಿಡೀ ನಿಲ್ಲಿಸಿದರು. ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಅದನ್ನು ಮತ್ತೆ ಹಾರಲು ಬಿಟ್ಟದ್ದು 2021ರ ಆಗಸ್ಟ್‌ನಲ್ಲಿ. ಈಗ ಎಂಕ್ಯಾಸ್ ಎರಡು ಸೆನ್ಸರ್ ಹೋಲಿಸಿ ನೋಡುತ್ತದೆ. ಎರಡೂ ಬೇರೆ ಬೇರೆ ಹೇಳಿದರೆ ಸುಮ್ನೆ ಇರುತ್ತದೆ. ಕೆಲಸ ಮಾಡಿದರೂ ಒಂದೇ ಸಲ, ಪೈಲಟ್ ಎಳೆದು ಮೀರಿಸಬಹುದು. ಸಿಮ್ಯುಲೇಟರ್ ತರಬೇತಿ ಕಡ್ಡಾಯ. ನಾನೂ ಮಾಡಿದ್ದೇನೆ. ಅದನ್ನೇ ನಾನು ಓಡಿಸುತ್ತೇನೆ, ನನ್ನ ಹೆಂಡತಿ ಮಕ್ಕಳನ್ನೂ ಕೂರಿಸುತ್ತೇನೆ.

ಶಾಂತತ್ತೆ: ಗಣೇಶ, ನೀನು ಹೇಳು.

ಗಣೇಶಣ್ಣ: ಹೋಗಿ ಅತ್ತೆ. ಏರ್‌ಬಸ್ ಆಗಿದ್ದರೆ ಸದ್ದು ಸ್ವಲ್ಪ ಕಡಿಮೆ ಇರುತ್ತಿತ್ತು, ಅಷ್ಟೇ.

ಶಾಂತತ್ತೆ: ಹಾಗಾದರೆ ಟಿಕೆಟ್ ಬದಲಿಸುವುದಿಲ್ಲ. ಲೇಹ್ಯದ ಡಬ್ಬಿ ಕೈಚೀಲದಲ್ಲಿ ಬಿಡುತ್ತಾರಾ?

ವಿದ್ಯಾ: ಬೇಡ ಅತ್ತೆ, ದೊಡ್ಡ ಸೂಟ್‌ಕೇಸ್‌ಗೆ ಹಾಕಿ. ಸೀನ ಮಾವ, ಪ್ರಶಾಂತ ಬರೆದದ್ದನ್ನೂ ನಿಮ್ಮ ವಾಕಿಂಗ್ ಗುಂಪಿಗೆ ಕಳಿಸಿ. ಅಲ್ಲೂ ಯಾರಾದರೂ ಹೆದರಿ ಕೂತಿರಬಹುದು.

ಸೀನ ಮಾವ: ಕಳಿಸುತ್ತೇನೆ. ಪ್ರಶಾಂತ, ನಿನ್ನ ಹೆಸರು ಹಾಕಲಾ?

ಪ್ರಶಾಂತ: ಹೆಸರು ಬೇಡ ಮಾವ. ಕಂಪನಿ ಒಪ್ಪುವುದಿಲ್ಲ.

ವಿದ್ಯಾ: ಹಾಗಾದರೆ ಬರೆದವರು ಯಾರು ಅಂತ ಅಲ್ಲೂ ಕೇಳುತ್ತಾರೆ.

ದೊಡ್ಡಪ್ಪ: ಕೇಳಲಿ. ತಾರೀಕು, ಸಂಖ್ಯೆ ಎಲ್ಲ ಹಾಗೇ ಇಡು. ನಂಬದವರು ಹುಡುಕಿ ನೋಡಿಕೊಳ್ಳಲಿ. ಸೀನ, ಮೇಲಿನ ಆ ಫೋಟೋ ಮಾತ್ರ ತೆಗೆ.

ಸೀನ ಮಾವ: ತೆಗೆದೆ ಭಾವ. ಕಳಿಸಿದೆ.