70ರಲ್ಲಿ ಸೆಡಾನ್ ಸಲೀಸಾಗಿ ದಾಟೋ ತಿರುವು ಎಸ್‌ಯುವಿಯಲ್ಲಿ ಯಾಕೆ ಅಳುಕಿಸುತ್ತೆ?

ಸ್ಟೆಪ್ನಿ (ಪ್ರಶ್ನೆ)

ಸೆಡಾನ್‌ನಿಂದ ಲ್ಯಾಡರ್ ಫ್ರೇಮ್‌ನ (ಏಣಿಯಂಥ ಚೌಕಟ್ಟಿನ ಮೇಲೆ ಬಾಡಿ ಕೂರಿಸಿದ) ಏಳು ಸೀಟಿನ ಎಸ್‌ಯುವಿಗೆ ಹೋದವರಿಗೆಲ್ಲ ಮೊದಲು ಕಣ್ಣಿಗೆ ಬೀಳೋ ವಿಷಯ ಇದು. ಸುಮಾರು 100 ಮೀಟರ್ ತ್ರಿಜ್ಯದ ತಿರುವು, ಒಣ ಡಾಂಬರು, ವೇಗ 70 ಕಿ.ಮೀ. ಸೆಡಾನ್ ಸ್ಟೀರಿಂಗ್ ತಿರುಗಿಸಿದ ಕೂಡಲೇ ತಿರುಗುತ್ತೆ. ಎಸ್‌ಯುವಿ ಮೊದಲು ಹೊರಕ್ಕೆ ವಾಲಿ, ಅರೆಕ್ಷಣ ಬಿಟ್ಟು ಮೂತಿ ತಿರುಗಿಸುತ್ತೆ. ಎಡಕ್ಕೆ ತಿರುಗಿದ ಬೆನ್ನಿಗೇ ಬಲಕ್ಕೆ ತಿರುಗಬೇಕಾಗಿ ಬಂದ್ರೆ ತೊಟ್ಟಿಲು ತೂಗಿದ ಹಾಗೆ.

ವಾಲಿಕೆ ಜಾಸ್ತಿ ಅಂದ್ರೆ ಹಿಡಿತ ಕಮ್ಮಿ ಅಂತಲೇ ಅರ್ಥವಾ? ದಪ್ಪ ಆಂಟಿ ರೋಲ್ ಬಾರ್ (ಎಡ-ಬಲ ಚಕ್ರ ಜೋಡಿಸಿ ವಾಲಿಕೆ ತಡೆಯೋ ಸರಳು) ಹಾಕಿದ್ರೆ ಸರಿಹೋಗುತ್ತಾ? ಫೋರ್‌ವೀಲ್ ಡ್ರೈವ್ ಇದ್ರೆ ತಿರುವಿನಲ್ಲಿ ಏನಾದ್ರೂ ಲಾಭ ಇದೆಯಾ? ಮಾನೊಕಾಕ್ (ಬಾಡಿಯೇ ಚೌಕಟ್ಟಾಗಿರೋ) ಕ್ರಾಸ್‌ಓವರ್, ಎಂಪಿವಿ (ಹೆಚ್ಚು ಜನ ಕೂರೋ ಕುಟುಂಬದ ಗಾಡಿ), ಪಿಕಪ್‌ಗಳ ಕಥೆಯೂ ಇಷ್ಟೇನಾ? ಅಂಕಿ ಸಮೇತ ಹೇಳಿದ್ರೆ ಉಪಕಾರ.

ಕ್ಯಾಂಬರ್

ವಾಲಿಕೆ ಬೇರೆ, ಭಾರ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಸರಿಯೋದು ಬೇರೆ. ಕಣ್ಣಿಗೆ ಕಾಣೋದು ಮೊದಲನೆಯದು, ಹಿಡಿತ ತಿನ್ನೋದು ಎರಡನೆಯದು.

ನೀವು ಕೊಟ್ಟ ತಿರುವನ್ನೇ ಲೆಕ್ಕ ಹಾಕೋಣ. 100 ಮೀಟರ್ ತ್ರಿಜ್ಯ, 70 ಕಿ.ಮೀ. ವೇಗ ಅಂದ್ರೆ ಪಕ್ಕದ ಎಳೆತ ಸುಮಾರು 0.385 ಜಿ (1 ಜಿ ಅಂದ್ರೆ ಗಾಡಿಯ ತೂಕದಷ್ಟೇ ಎಳೆತ). ಸರಿಯೋ ಭಾರ = ಗಾಡಿಯ ತೂಕ × ಜಿ × ಗುರುತ್ವ ಕೇಂದ್ರದ ಎತ್ತರ ÷ ಎಡ-ಬಲ ಚಕ್ರಗಳ ನಡುವಿನ ಅಗಲ. 1300 ಕೆ.ಜಿ. ಸೆಡಾನ್, ಗುರುತ್ವ ಕೇಂದ್ರ 53 ಸೆಂ.ಮೀ. ಎತ್ತರದಲ್ಲಿ, ಅಗಲ 1.52 ಮೀಟರ್ ಅಂತ ಹಿಡಿದ್ರೆ ಹೊರಗಿನ ಚಕ್ರಗಳ ಕಡೆಗೆ ಸರಿಯೋದು 175 ಕೆ.ಜಿ. ಹತ್ತಿರ, ಅಂದ್ರೆ ಒಟ್ಟು ತೂಕದ ಶೇ. 13.4. ಅದೇ 1800 ಕೆ.ಜಿ. ಎಸ್‌ಯುವಿಗೆ ಕೇಂದ್ರ 70 ಸೆಂ.ಮೀ., ಅಗಲ 1.55 ಮೀಟರ್ ಅಂದ್ರೆ 313 ಕೆ.ಜಿ., ಶೇ. 17.4. ಹೊರಗಿನ ಎರಡು ಟೈರ್ 1213 ಕೆ.ಜಿ. ಹೊರುತ್ತೆ, ಒಳಗಿನ ಎರಡಕ್ಕೆ ಉಳಿಯೋದು 587.

ಟೈರ್‌ನ ಗುಣ ಏನಂದ್ರೆ, ಮೇಲಿನ ಭಾರ ಎರಡು ಪಟ್ಟಾದ್ರೆ ಹಿಡಿತ ಎರಡು ಪಟ್ಟಾಗಲ್ಲ, ಅದಕ್ಕಿಂತ ಕಮ್ಮಿ ಏರುತ್ತೆ. ಒಳಗಿನ ಟೈರ್ ಕಳಕೊಂಡಷ್ಟನ್ನು ಹೊರಗಿನದು ತುಂಬಿಕೊಡಲ್ಲ. ಹಾಗಾಗಿ ಭಾರ ಎಷ್ಟು ಹೆಚ್ಚು ಸರಿಯುತ್ತೋ ನಾಲ್ಕೂ ಟೈರ್ ಸೇರಿದ ಹಿಡಿತ ಅಷ್ಟು ಇಳಿಯುತ್ತೆ.

ಇನ್ನೊಂದು ಲೆಕ್ಕ: ಸೆಡಾನ್‌ನಲ್ಲಿ 70ಕ್ಕೆ ಸರಿದಷ್ಟೇ ಶೇಕಡಾ ಭಾರ ಈ ಎಸ್‌ಯುವಿಯಲ್ಲಿ ಸರಿಯೋದು 61-62 ಕಿ.ಮೀ. ವೇಗದಲ್ಲಿ. ವೇಗ ವರ್ಗದ ಲೆಕ್ಕದಲ್ಲಿ ಕೆಲಸ ಮಾಡೋದ್ರಿಂದ ಎಂಟೊಂಬತ್ತು ಕಿ.ಮೀ. ಇಳಿಸಿದ್ರೆ ಸಾಕು. ಆದ್ರೆ ಆ ಎಂಟೊಂಬತ್ತು ತಿರುವಿಗೆ ಮೊದಲೇ, ಗಾಡಿ ನೇರ ಇರುವಾಗಲೇ ಇಳಿದಿರಬೇಕು. ಎತ್ತರದಲ್ಲಿ ಕೂತವರಿಗೆ ರಸ್ತೆ ನಿಧಾನವಾಗಿ ಓಡಿದಂತೆ ಕಾಣುತ್ತೆ, 70 ಅನ್ನೋದು 60ರ ಹಾಗೆ. ಮೊದಲ ಕೆಲವು ವಾರ ಕಣ್ಣಿಗಿಂತ ಸ್ಪೀಡೋಮೀಟರ್ ನಂಬೋದು ವಾಸಿ.

ಸ್ಪ್ಯಾನರ್ 17

ಆಂಟಿ ರೋಲ್ ಬಾರ್ ಬಗ್ಗೆ. ಮೇಲಿನ ಸೂತ್ರ ಇನ್ನೊಂದ್ಸಲ ನೋಡಿ, ಅದರಲ್ಲಿ ಬಾರ್ ಎಲ್ಲೂ ಇಲ್ಲ. ದಪ್ಪ ಬಾರ್ ವಾಲಿಕೆ ಕಮ್ಮಿ ಮಾಡುತ್ತೆ, ಒಟ್ಟು ಸರಿಯೋ ಭಾರ ಹೆಚ್ಚೂಕಮ್ಮಿ ಅಷ್ಟೇ ಇರುತ್ತೆ. ಅದು ಬದಲಿಸೋದು ಆ ಭಾರದಲ್ಲಿ ಮುಂದಿನ ಆಕ್ಸಲ್‌ಗೆ ಎಷ್ಟು, ಹಿಂದಿನದಕ್ಕೆ ಎಷ್ಟು ಅನ್ನೋ ಪಾಲನ್ನ. ಮುಂದೆ ಗಟ್ಟಿ ಮಾಡಿದ್ರೆ ಮುಂದಿನ ಟೈರ್ ಬೇಗ ಸೋತು ಗಾಡಿ ತಿರುವಿನ ಹೊರಕ್ಕೆ ಜಾರುತ್ತೆ, ಅಂಡರ್‌ಸ್ಟಿಯರ್. ಹಿಂದೆ ಮಾತ್ರ ಗಟ್ಟಿ ಮಾಡಿದ್ರೆ ಹಿಂಭಾಗ ಬೀಸುತ್ತೆ. ಎತ್ತರದ ಗಾಡಿಯಲ್ಲಿ ಈ ಎರಡನೆಯದು ಯಾರಿಗೂ ಬೇಡ, ಅದಕ್ಕೇ ಕಂಪನಿಯಿಂದ ಬರುವಾಗಲೇ ಮೂತಿ ಜಾರೋ ಕಡೆಗೆ ಸೆಟ್ ಮಾಡಿರ್ತಾರೆ.

ಬಾರ್‌ನ ಗಡಸುತನ ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತೆ. 25 ಮಿ.ಮೀ. ತೆಗೆದು 28 ಹಾಕಿದ್ರೆ ಮೂರೇ ಮಿಲಿಮೀಟರ್ ಅನ್ನಿಸುತ್ತೆ, ಗಡಸುತನ ಶೇ. 57 ಜಾಸ್ತಿ. ಪರಿಣಾಮ: ಎಡ ಚಕ್ರ ಗುಂಡಿಗೆ ಇಳಿದ್ರೆ ಬಲ ಚಕ್ರವೂ ಎಳೆತ ತಿನ್ನುತ್ತೆ, ಕಚ್ಚಾ ರಸ್ತೆಯಲ್ಲಿ ತಲೆ ಅಕ್ಕಪಕ್ಕ ಎಸೆಯುತ್ತೆ, ಒಂದು ಚಕ್ರ ಬೇಗ ನೆಲ ಬಿಡುತ್ತೆ.

ನೀವು ಹೇಳಿದ "ಮೊದಲು ವಾಲಿ ಆಮೇಲೆ ತಿರುಗೋದು" ಇದ್ಯಲ್ಲ, ಅದರಲ್ಲಿ ದೊಡ್ಡ ಪಾಲು ಟೈರ್ ಪಕ್ಕೆಯದು. 205/55 ಆರ್16 ಟೈರ್‌ನ ಪಕ್ಕೆ 113 ಮಿ.ಮೀ., 235/65 ಆರ್17ರದ್ದು 153. ರಿಮ್ ತಿರುಗಿದ ಮೇಲೆ ಆ 153 ಮಿ.ಮೀ. ರಬ್ಬರ್ ತಿರುಚಿಕೊಂಡು ಬಿಗಿಯಾಗಬೇಕು, ಆಮೇಲಷ್ಟೇ ನೆಲ ಕಚ್ಚಿದ ಭಾಗ ಗಾಡಿಯನ್ನ ಪಕ್ಕಕ್ಕೆ ತಳ್ಳುತ್ತೆ. ಆಲ್ ಟೆರೇನ್ ಟೈರ್ ಆದ್ರೆ ಎತ್ತರದ ಬ್ಲಾಕ್‌ಗಳೂ ಬಾಗುತ್ತೆ, ಇನ್ನಷ್ಟು ತಡ. ಗಾಳಿ 5 ಪಿಎಸ್‌ಐ ಕಮ್ಮಿ ಇದ್ರೆ ಕೇಳೋದೇ ಬೇಡ.

ದುಡ್ಡು ಸುರಿಯೋ ಮೊದಲು ನೋಡಬೇಕಾದ್ದು ಈ ಕ್ರಮದಲ್ಲಿ. ಗಾಡಿ ಮೂರು ಗಂಟೆ ನಿಂತ ಮೇಲೆ ತಣ್ಣಗಿನ ಟೈರ್‌ಗೆ, ಡ್ರೈವರ್ ಬಾಗಿಲ ಕಂಬದಲ್ಲಿರೋ ಸ್ಟಿಕರ್ ಪ್ರಕಾರ ಗಾಳಿ. ಏಳು ಜನ ಕೂರೋದಾದ್ರೆ ಅದರಲ್ಲಿ ಹಿಂದಿನ ಟೈರ್‌ಗೆ ಬೇರೆ ಅಂಕಿ ಇರುತ್ತೆ. ಆಮೇಲೆ ಡ್ಯಾಂಪರ್ (ಶಾಕ್ ಅಬ್ಸಾರ್ಬರ್): ಎಣ್ಣೆ ಸೋರಿ ಒದ್ದೆ ಆಗಿದೆಯಾ ನೋಡಿ. ಎಡ-ಬಲ ತೂಗಾಟವನ್ನ ಪಳಗಿಸೋದು ಡ್ಯಾಂಪರ್, ಬಾರ್ ಅಲ್ಲ. ಆಮೇಲೆ ಬಾರ್‌ನ ಡ್ರಾಪ್ ಲಿಂಕ್ (ಬಾರನ್ನ ಸಸ್ಪೆನ್ಷನ್‌ಗೆ ಸೇರಿಸೋ ಕಡ್ಡಿ). ಸಣ್ಣ ಉಬ್ಬುಗಳ ಮೇಲೆ ಟಕ್ ಟಕ್ ಅಂದ್ರೆ ಅದು ಸವೆದಿದೆ. ಕೊನೆಗೆ ಲೋವರ್ ಆರ್ಮ್ ಬುಷ್ (ಚಕ್ರ ಹಿಡಿದಿರೋ ಕೆಳಗಿನ ತೋಳಿನ ರಬ್ಬರ್): ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಅಲೆದಾಡಿದ್ರೆ ಅಲ್ಲಿ ದೋಷ ಇರಬಹುದು. ಇವಿಷ್ಟು ಸರಿಯಿದ್ದೂ ತೂಗಾಡಿದ್ರೆ ಗಾಡಿಯ ಜಾತಕವೇ ಹಾಗೆ, ಒಪ್ಪಿಕೊಳ್ಳಿ.

ಸ್ಟೆಪ್ನಿ

ಡ್ಯಾಶ್‌ಬೋರ್ಡ್‌ನಲ್ಲಿ ಟೈರ್ ಪ್ರೆಶರ್ ದೀಪ ಹತ್ತದಿದ್ರೆ ಗಾಳಿ ಸರಿ ಇದೆ ಅಂತ ತಿಳ್ಕೊಬಹುದಾ? ಮತ್ತೆ, ಮೇಲಿನ ಲೆಕ್ಕದಲ್ಲಿ ಛಾವಣಿ ಕ್ಯಾರಿಯರ್ ಸೇರಿಸಿದ್ರೆ ಎಷ್ಟು ವ್ಯತ್ಯಾಸ?

ಸ್ಪ್ಯಾನರ್ 17

ದೀಪ ನಂಬಬೇಡಿ. ಅಮೆರಿಕದ ನಿಯಮದ ಮಿತಿ ಶಿಫಾರಸಿಗಿಂತ ಶೇ. 25 ಕಮ್ಮಿ ಆದಾಗ ಎಚ್ಚರಿಸಬೇಕು ಅನ್ನೋದು. 35 ಇರಬೇಕಾದ ಕಡೆ 26ರ ಹತ್ತಿರ ಇಳಿಯೋವರೆಗೂ ದೀಪ ಸುಮ್ಮನಿದ್ರೆ ಅದು ಕೆಟ್ಟಿದೆ ಅಂತಲ್ಲ. 29ರಲ್ಲೇ ಸ್ಟೀರಿಂಗ್ ಹಿಟ್ಟಿನೊಳಗೆ ಕೈ ಇಟ್ಟ ಹಾಗೆ ಆಗಿರುತ್ತೆ.

ಕ್ಯಾಂಬರ್

ಕ್ಯಾರಿಯರ್ ಲೆಕ್ಕಕ್ಕೆ ಇನ್ನೊಂದು ಅಳತೆ ಬೇಕು: ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸೋದು. ಸ್ಥಿರತೆಯ ಅಂಶ ಅಂತ ಕರೀತಾರೆ; ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಉರುಳುವ ಅಪಾಯದ ಸ್ಟಾರ್ ಕೊಡೋಕೆ ಮುಖ್ಯವಾಗಿ ಇದನ್ನೇ ಬಳಸುತ್ತೆ. ನಮ್ಮ ಸೆಡಾನ್‌ಗೆ 1.43, ಎಸ್‌ಯುವಿಗೆ 1.11. ಛಾವಣಿ ಮೇಲೆ, ನೆಲದಿಂದ 1.8 ಮೀಟರ್ ಎತ್ತರದಲ್ಲಿ 75 ಕೆ.ಜಿ. ಕಟ್ಟಿದ್ರೆ ಕೇಂದ್ರ 70ರಿಂದ 74.4 ಸೆಂ.ಮೀ.ಗೆ ಏರುತ್ತೆ, ಅಂಶ 1.04ಕ್ಕೆ ಇಳಿಯುತ್ತೆ. ಸಸ್ಪೆನ್ಷನ್ 50 ಮಿ.ಮೀ. ಎತ್ತರಿಸೋ ಕಿಟ್ ಹಾಕಿದ್ರೂ ಹೆಚ್ಚೂಕಮ್ಮಿ ಇಷ್ಟೇ ನಷ್ಟ. ಸಾಮಾನು ಒಳಗೆ, ಭಾರದ್ದು ಕೆಳಗೆ, ಹಿಂದಿನ ಆಕ್ಸಲ್‌ಗಿಂತ ಮುಂದೆ. ಛಾವಣಿಗೆ ಹಗುರದ್ದು ಮಾತ್ರ.

ಟೋ ಇನ್

ಒಂದು ತಿದ್ದುಪಡಿ. 1.11 ಅಂತ ಓದಿ ತಿರುವಿನಲ್ಲಿ ಗಾಡಿ ಮಗುಚಿ ಬೀಳುತ್ತೆ ಅಂತ ಯಾರೂ ಹೆದರಬೇಕಿಲ್ಲ. ಒಣ ಡಾಂಬರಿನ ಮೇಲೆ ಇಂಥ ಗಾಡಿಯ ಟೈರ್ ಪಕ್ಕಕ್ಕೆ ಹಿಡಿಯೋದೇ 0.75-0.85 ಜಿ ಆಸುಪಾಸು. ಸಮತಟ್ಟು ರಸ್ತೆಯಲ್ಲಿ ಉರುಳೋ ಹಂತ (ಈ ಲೆಕ್ಕದಲ್ಲಿ 1.11 ಜಿ) ಮುಟ್ಟೋ ಮೊದಲೇ ಟೈರ್ ಜಾರುತ್ತೆ. ವಾಲಿದಾಗ ಕೇಂದ್ರ ಹೊರಕ್ಕೆ ಸರಿದು ಉಳಿದ ಅಂತರ ಕರಗುತ್ತೆ, ನಿಜ, ಆದ್ರೂ ಬಹುಪಾಲು ಉರುಳುವಿಕೆ ಆಗೋದು ಪಕ್ಕಕ್ಕೆ ಜಾರ್ತಾ ಇರೋ ಚಕ್ರ ಯಾವುದಕ್ಕಾದ್ರೂ ಎಡವಿದಾಗ: ಮೆದು ಮಣ್ಣು, ಕರ್ಬ್ ಕಲ್ಲು, ಡಾಂಬರಿನ ಅಂಚು.

ಅಂಚು ಅಂದೆ. ಇದನ್ನ ಬಿಡಿಸಿ ಹೇಳಬೇಕು, ಯಾಕಂದ್ರೆ ಇದರಲ್ಲಿ ಸೆಡಾನ್ ಕ್ಷಮಿಸೋ ತಪ್ಪನ್ನ ಎಸ್‌ಯುವಿ ಕ್ಷಮಿಸಲ್ಲ. ಎಡ ಚಕ್ರ ಡಾಂಬರು ಬಿಟ್ಟು ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ಆಳದ ಮಣ್ಣಿಗೆ ಇಳೀತು ಅಂದುಕೊಳ್ಳಿ. ಗಾಬರಿಯಲ್ಲಿ ಸ್ಟೀರಿಂಗ್ ಬಲಕ್ಕೆ ಎಳೀತೀರಿ. ಟೈರ್‌ನ ಪಕ್ಕೆ ಅಂಚಿಗೆ ಉಜ್ಜುತ್ತೆ, ಹತ್ತಲ್ಲ. ಇನ್ನೂ ಎಳೀತೀರಿ. ಒಮ್ಮೆಲೇ ಹತ್ತಿದಾಗ ಮುಂದಿನ ಚಕ್ರಗಳು ವಿಪರೀತ ತಿರುಗಿರುತ್ತೆ, ಗಾಡಿ ರಸ್ತೆಗೆ ಅಡ್ಡ ನುಗ್ಗುತ್ತೆ, ಎಡಕ್ಕೆ ವಾಪಸ್ ತಿರುಗಿಸಿದ ಕ್ಷಣ ಮೊದಲ ವಾಲಿಕೆಯ ಮೇಲೆ ಎರಡನೇ ವಾಲಿಕೆಯ ಎಸೆತ ಸೇರಿಕೊಳ್ಳುತ್ತೆ. ಮಗುಚೋದು ಹೆಚ್ಚಾಗಿ ಈ ಎರಡನೇ ತಿರುಗಿಸುವಿಕೆಯಲ್ಲಿ.

ಮಾಡಬೇಕಾದ್ದು: ಆಕ್ಸಿಲರೇಟರ್ ಬಿಡಿ, ಬ್ರೇಕ್ ಒದೀಬೇಡಿ, ಸ್ಟೀರಿಂಗ್ ನೇರ ಹಿಡಿದು ಎರಡು ಚಕ್ರ ಮಣ್ಣಲ್ಲೇ ಓಡಲಿ. ವೇಗ ಪೂರ್ತಿ ಇಳಿದ ಮೇಲೆ, ಹಿಂದೆ ನೋಡಿ, ಅಂಚು ತಗ್ಗಿರೋ ಕಡೆ ನಿಧಾನಕ್ಕೆ ಹತ್ತಿಸಿ.

ಎತ್ತರದ ಗಾಡಿ ಅಂದ್ರೆ ಎಸ್‌ಯುವಿ ಒಂದೇ ಅಲ್ಲ ಅನ್ನೋದಕ್ಕೆ 1997ರ ಮರ್ಸಿಡಿಸ್ ಎ ಕ್ಲಾಸ್ ಸಾಕ್ಷಿ. ಪುಟ್ಟ ಹ್ಯಾಚ್‌ಬ್ಯಾಕ್, ಆದ್ರೆ ಎತ್ತರ. ಸ್ವೀಡನ್ನಿನ ಪತ್ರಿಕೆಯೊಂದರ ಅಡೆತಡೆ ತಪ್ಪಿಸೋ ಪರೀಕ್ಷೆಯಲ್ಲಿ ಮಗುಚಿತು. ಸಸ್ಪೆನ್ಷನ್ ಬದಲಿಸಿ, ಸ್ಥಿರತೆ ನಿಯಂತ್ರಣ ವ್ಯವಸ್ಥೆಯನ್ನ ಎಲ್ಲ ಕಾರಿಗೂ ಕೊಟ್ಟರು. ಆ ವ್ಯವಸ್ಥೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಗಾಡಿಯನ್ನ ಸಾಲಿಗೆ ತರುತ್ತೆ. ಮಣ್ಣು, ಮರಳಿಗೆ ಅಂತ ಅದನ್ನ ಆಫ್ ಮಾಡಿದವರು ಡಾಂಬರಿಗೆ ಬಂದ ಮೇಲೆ ಆನ್ ಮಾಡಿ.

ಲೋ ರೇಂಜ್

ಫೋರ್‌ವೀಲ್ ಡ್ರೈವ್ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಹೊರಡೋಕೆ, ಏರು ಹತ್ತೋಕೆ, ಒದ್ದೆಯಲ್ಲಿ ವೇಗ ಹೆಚ್ಚಿಸೋಕೆ ಲಾಭ. ಬ್ರೇಕಿಗೂ ತಿರುವಿಗೂ ಎಲ್ಲ ಕಾರಿನಲ್ಲೂ ದುಡಿಯೋದು ಅದೇ ನಾಲ್ಕು ಟೈರ್. ಒದ್ದೆ ರಸ್ತೆಯಲ್ಲಿ ಸಲೀಸಾಗಿ ವೇಗ ಹತ್ತಿತು ಅಂತ ಅಷ್ಟೇ ಸಲೀಸಾಗಿ ನಿಲ್ಲಲ್ಲ.

ಸೆಂಟರ್ ಡಿಫರೆನ್ಷಿಯಲ್ (ಮುಂದಿನ-ಹಿಂದಿನ ಶಾಫ್ಟ್ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರ್) ಇಲ್ಲದ ಪಾರ್ಟ್ ಟೈಮ್ ಸಿಸ್ಟಮ್ ಆದ್ರೆ ಒಣ ಡಾಂಬರಿನಲ್ಲಿ 4ಎಚ್ (ನಾಲ್ಕೂ ಚಕ್ರದ ಚಾಲನೆ) ಹಾಕಲೇಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳ ದಾರಿ ಹಿಂದಿನವಕ್ಕಿಂತ ಉದ್ದ, ಎರಡೂ ಶಾಫ್ಟ್ ಒಂದೇ ವೇಗಕ್ಕೆ ಬೀಗ ಹಾಕಿದಂತೆ. ಮಣ್ಣಲ್ಲಾದ್ರೆ ಟೈರ್ ಜಾರಿ ವ್ಯತ್ಯಾಸ ಕಳೆಯುತ್ತೆ. ಡಾಂಬರಿನಲ್ಲಿ ಜಾರಲ್ಲ, ಸ್ಟೀರಿಂಗ್ ಭಾರ ಆಗುತ್ತೆ, ಗಾಡಿ ಕುಪ್ಪಳಿಸುತ್ತೆ, ಯುನಿವರ್ಸಲ್ ಜಾಯಿಂಟ್ ಮತ್ತು ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನ ಮುಂದೆ-ಹಿಂದೆ ಹಂಚೋ ಪೆಟ್ಟಿಗೆ) ತಿರುಚು ಹೊರುತ್ತೆ. ಲಿವರ್ ಸಿಕ್ಕಿಕೊಂಡು 2ಎಚ್‌ಗೆ (ಎರಡೇ ಚಕ್ರದ ಚಾಲನೆಗೆ) ಬರದೆ ಹೋದ್ರೆ ಬಲವಂತ ಬೇಡ. ಸ್ಟೀರಿಂಗ್ ನೇರ ಮಾಡಿ ಕೆಲವು ಮೀಟರ್ ರಿವರ್ಸ್ ಬನ್ನಿ, ತಿರುಚು ಬಿಚ್ಚಿಕೊಂಡು ಲಿವರ್ ತಾನೇ ಸಡಿಲ ಆಗುತ್ತೆ.

ಉಳಿದ ಜಾತಿಗಳು ಚಿಕ್ಕದಾಗಿ. ಮಾನೊಕಾಕ್ ಕ್ರಾಸ್‌ಓವರ್ ಅಂದ್ರೆ ಎತ್ತರಿಸಿದ ಹ್ಯಾಚ್‌ಬ್ಯಾಕ್. ನಾಲ್ಕು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ ಇದ್ರೆ ನಿಮ್ಮ ಸೆಡಾನ್‌ಗೆ ಹತ್ತಿರ. ಲ್ಯಾಡರ್ ಫ್ರೇಮ್ ಗಾಡಿಯ ಹಿಂದೆ ಗಟ್ಟಿ ಆಕ್ಸಲ್ (ಎರಡೂ ಚಕ್ರ ಜೋಡಿಸೋ ಒಂದೇ ದಂಡ) ಇರೋದೇ ಹೆಚ್ಚು. ಡಿಫರೆನ್ಷಿಯಲ್ ಸಮೇತ ಇಡೀ ತೂಕ ಸ್ಪ್ರಿಂಗ್‌ನ ಕೆಳಗೆ ಕುಣಿಯುತ್ತೆ, ತಿರುವಿನ ಮಧ್ಯೆ ಹಳ್ಳ ಸಿಕ್ಕಿದ್ರೆ ಹಿಂಭಾಗ ಪಕ್ಕಕ್ಕೆ ಹೆಜ್ಜೆ ಇಡುತ್ತೆ. ಖಾಲಿ ಪಿಕಪ್ ಇನ್ನೂ ಕೆಟ್ಟದು: ಭಾರಕ್ಕೆಂದು ಕೂರಿಸಿದ ಪಟ್ಟಿ ಸ್ಪ್ರಿಂಗ್, ಮೇಲೆ ಭಾರವೇ ಇಲ್ಲ, ಮಳೆಯಲ್ಲಿ ಎರಡನೇ ಗೇರ್‌ನಲ್ಲೂ ಹಿಂದಿನ ಚಕ್ರ ಗಿರಕಿ ಹೊಡೆಯಬಹುದು. ಎಂಪಿವಿ ಎತ್ತರ ಇದ್ರೂ ನೆಲಕ್ಕೆ ಹತ್ತಿರ, ಉದ್ದ ವೀಲ್‌ಬೇಸ್, ನೇರ ರಸ್ತೆಯಲ್ಲಿ ಸ್ಥಿರ. ವ್ಯಾನ್‌ಗೆ ಪಕ್ಕದ ಗಾಳಿಯೇ ಶತ್ರು. ಎಲೆಕ್ಟ್ರಿಕ್ ಎಸ್‌ಯುವಿಯಲ್ಲಿ ಬ್ಯಾಟರಿ ನೆಲದಡಿ ಇರೋದ್ರಿಂದ ಕೇಂದ್ರ ಕೆಳಗಿಳಿದು ವಾಲಿಕೆ ಕಮ್ಮಿ, ಆದ್ರೆ ತೂಕ ಎರಡು ಟನ್ ದಾಟಿದ್ರೆ ಟೈರ್ ಅದರ ಲೆಕ್ಕ ಕೇಳಿಯೇ ಕೇಳುತ್ತೆ.

ಸ್ಟೆಪ್ನಿ

ಕೊಳ್ಳೋ ಮೊದಲು ಇದನ್ನೆಲ್ಲ ಟೆಸ್ಟ್ ಡ್ರೈವ್‌ನಲ್ಲಿ ಗುರುತಿಸೋದು ಹೇಗೆ? ಸಿಗೋದು ಹದಿನೈದು ನಿಮಿಷ.

ಟೋ ಇನ್

ಹತ್ತೋ ಮೊದಲು ಗಾಳಿ ನೋಡಿ. ಸವಾರಿ ಮೆತ್ತಗೆ ಅನ್ನಿಸಲಿ ಅಂತ ಇಳಿಸಿರೋದೂ ಉಂಟು, ಬೇರೆ ಕಾರಣಕ್ಕೆ ಏರಿಸಿರೋದೂ ಉಂಟು. ಒಬ್ಬರೇ ಓಡಿಸಬೇಡಿ, ಮೂರನೇ ಸಾಲಿನಲ್ಲೂ ಜನ ಕೂರಲಿ, ಗಾಡಿಯ ಸ್ವಭಾವ ಅಲ್ಲಿ ಗೊತ್ತಾಗುತ್ತೆ. ಖಾಲಿ ಜಾಗದಲ್ಲಿ 40ಕ್ಕೆ ಮೀರದೆ ಎಡ-ಬಲ-ಎಡ ಮೆಲ್ಲಗೆ ತಿರುಗಿಸಿ, ಸ್ಟೀರಿಂಗ್ ನೇರ ಮಾಡಿದ ಮೇಲೆ ಬಾಡಿ ಎಷ್ಟು ಸಲ ತೂಗುತ್ತೆ ಎಣಿಸಿ. ಒಂದು ಸಲ ತೂಗಿ ನಿಂತ್ರೆ ಡ್ಯಾಂಪರ್ ಚೆನ್ನಾಗಿದೆ, ಎರಡು ಮೂರು ಸಲ ಆದ್ರೆ ಬೇರೆ ಗಾಡಿ ನೋಡಿ. ಉಬ್ಬುತಗ್ಗಿನ ತಿರುವು ಸಿಕ್ಕರೆ ಹಿಂಭಾಗ ಎಷ್ಟು ಹಾರುತ್ತೆ ಅಂತ ಗಮನಿಸಿ. ಇಳಿಜಾರು ಸಿಕ್ಕರೆ ಕೆಳಗಿನ ಗೇರ್‌ಗೆ ಇಳಿಸಿ ಎಂಜಿನ್ ಎಷ್ಟು ತಡೆಯುತ್ತೆ ನೋಡಿ. ಏಳು ಜನ ತುಂಬಿದ 2300 ಕೆ.ಜಿ. ಗಾಡಿಯ ಬ್ರೇಕ್ ಅದೇ ಇಳಿಜಾರಲ್ಲಿ 1500 ಕೆ.ಜಿ. ಸೆಡಾನ್‌ಗಿಂತ ಒಂದೂವರೆ ಪಟ್ಟು ಶಾಖ ನುಂಗಬೇಕು.

ಮತ್ತೆ ಆ ಹದಿನೈದು ನಿಮಿಷದಲ್ಲಿ ಮ್ಯೂಸಿಕ್ ಸಿಸ್ಟಮ್ ಆಫ್ ಇರಲಿ. ಡ್ರಾಪ್ ಲಿಂಕ್‌ನ ಟಕ್ ಟಕ್ ಹಾಡಿನ ನಡುವೆ ಕೇಳಿಸಲ್ಲ.